ದೆವ್ವ, ತೋಳ, ಡ್ರ್ಯಾಗನ್ ಮತ್ತು ಪ್ರೀತಿ: ಇಂಥ ಕಾದಂಬರಿ ಆರಿಸಿ ಓದುವ ಬಗೆ

ಹೋದ ಮೇ ತಿಂಗಳಲ್ಲಿ ತಂಗಿಯ ಮಗಳು ರಜೆಗೆಂದು ಬೀದರದಿಂದ ನಮ್ಮ ಮನೆಗೆ ಬಂದಿದ್ದಳು. ಕಲಬುರಗಿಯ ಮೇ ಬಿಸಿಲು ಗೊತ್ತಲ್ಲ, 42 ಡಿಗ್ರಿ ದಾಟಿತೆಂದರೆ ಹನ್ನೊಂದರ ಮೇಲೆ ಹೊರಗೆ ಕಾಲಿಡಲಾಗುವುದಿಲ್ಲ. ಕೂಲರ್ ಮುಂದೆ ಚಾಪೆ ಹಾಸಿಕೊಂಡು, "ದೊಡ್ಡವ್ವಾ, ನೀ ಓದೂವಂಥದ್ದು ನನಗೂ ಒಂದ್ ಕೊಡು" ಅಂದಳು. ಹತ್ತೊಂಬತ್ತು ವರ್ಷದ ಹುಡುಗಿ. ಯಾವುದನ್ನು ಕೊಡಲಿ ಎಂದು ಕಪಾಟಿನ ಮುಂದೆ ಅರ್ಧ ತಾಸು ನಿಂತೆ. ಆ ಅರ್ಧ ತಾಸಿನಲ್ಲಿ ತಲೆಯೊಳಗೆ ಓಡಿದ್ದನ್ನು ಈಗ ಬರೆಯುತ್ತಿದ್ದೇನೆ. ಹೊಸದಾಗಿ ಈ ಕಡೆ ಬರುವವರಿಗೆ ಉಪಯೋಗವಾಗಲಿ.

ನಾನು ತೊಗರಿ ಬೇಳೆ ಮಿಲ್ಲಿನಲ್ಲಿ ಲೆಕ್ಕ ಬರೆಯುವವಳು. ಹೊಸ ತೊಗರಿಯ ಆವಕ ಜೋರಿರುವ ತಿಂಗಳುಗಳಲ್ಲಿ ಒಂದು ಪುಟವೂ ಓದಲಾಗುವುದಿಲ್ಲ. ಉಳಿದಂತೆ ರಾತ್ರಿ ಪಾತ್ರೆ ತೊಳೆದಿಟ್ಟ ಮೇಲಿನ ಎರಡು ತಾಸು ನನ್ನವು. ಹದಿನೈದು ವರ್ಷದಿಂದ ಆ ಹೊತ್ತಿನಲ್ಲಿ ಇಂಥ ಪ್ರೇಮಕಥೆಗಳನ್ನೇ ಹೆಚ್ಚು ಓದಿದ್ದೇನೆ. ನಮ್ಮ ಅತ್ತೆಯವರು ಒಮ್ಮೆ ಕೇಳಿದರು: "ದೆವ್ವದ ಸಂಗಟ ಮದಿವಿ ಆಗ್ತಾಳಂದ್ರ ಅದೇನ್ ಕಥಿ ಅವ್ವಾ? ಆಕಿಗಿ ಅಂಜಿಕಿ ಇಲ್ಲೇನು?" ಎರಡನೆಯ ಪ್ರಶ್ನೆ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಕೈಗೆ ಬಂದ ಪ್ರತಿ ಪುಸ್ತಕಕ್ಕೂ ನಾನು ಅದನ್ನೇ ಕೇಳುತ್ತೇನೆ.

ಯಾವ ಜಾತಿಯ ಪುಸ್ತಕ ಎಂದು ಮೊದಲು ನೋಡಿ

ಇದು ಬೇಗ ಮುಗಿಯುವ ಕೆಲಸ. ಪ್ರೀತಿಯನ್ನು ಕಿತ್ತುಹಾಕಿದರೆ ಕಥೆ ಕುಸಿದು ಬೀಳುವುದೇ ಎಂದು ಕೇಳಿಕೊಳ್ಳಿ. ಬಿದ್ದರೆ ಅದು ಪ್ಯಾರಾನಾರ್ಮಲ್ ರೊಮ್ಯಾನ್ಸ್: ನಮ್ಮದೇ ಜಗತ್ತು, ಅದರೊಳಗೆ ರಕ್ತಪಿಶಾಚಿ, ತೋಳಮನುಷ್ಯ, ಮಾಟಗಾತಿ, ಕೊನೆಗೆ ಜೋಡಿ ಕೂಡಿಯೇ ಕೂಡುತ್ತದೆ ಎಂಬ ಮಾತು. ಕೊಲೆ, ತನಿಖೆ ಮುಂದೆ ನಿಂತು ಪ್ರೀತಿ ನಾಲ್ಕಾರು ಪುಸ್ತಕಗಳಲ್ಲಿ ನಿಧಾನ ಬೆಳೆದರೆ ಅದನ್ನು ಅರ್ಬನ್ ಫ್ಯಾಂಟಸಿ ಅನ್ನುತ್ತಾರೆ. ರಾಜ್ಯ, ಯುದ್ಧ, ಭೂಪಟ ಎಲ್ಲ ಬೇರೆಯೇ ಇದ್ದು ನಡುವೆ ಪ್ರೀತಿ ಇದ್ದರೆ ಅದಕ್ಕೆ ಈಗ ರೊಮ್ಯಾಂಟಸಿ ಎಂಬ ಹೆಸರು ಬಿದ್ದಿದೆ. ಒಂದರ ಆಸೆಯಿಂದ ಇನ್ನೊಂದನ್ನು ಕೊಂಡವರು ಪುಸ್ತಕವನ್ನು ಸುಮ್ಮನೆ ಬೈಯುತ್ತಾರೆ.

ಸರಣಿಯೋ ಬಿಡಿ ಪುಸ್ತಕವೋ ಎಂಬುದನ್ನೂ ನೋಡಿಕೊಳ್ಳಿ. ನಾನು ಒಮ್ಮೆ ರೈಲು ನಿಲ್ದಾಣದ ಹತ್ತಿರ ಹಳೆ ಪುಸ್ತಕದ ರಾಶಿಯಲ್ಲಿ ಸಿಕ್ಕಿತೆಂದು ಒಂದು ಸರಣಿಯ ನಾಲ್ಕನೆಯದನ್ನು ಮೊದಲು ಓದಿ, ಮೂರು ಪುಸ್ತಕಗಳ ಗುಟ್ಟನ್ನು ಒಂದೇ ರಾತ್ರಿಯಲ್ಲಿ ಕಳೆದುಕೊಂಡೆ.

ಬಹುತೇಕ ಪುಸ್ತಕಗಳು ಇಂಗ್ಲಿಷಿನವು. ಕನ್ನಡ ಮಾಧ್ಯಮದಲ್ಲಿ ಕಲಿತ ನನಗೆ ಮೊದಲ ಪುಸ್ತಕ ಮುಗಿಸಲು ಎರಡು ತಿಂಗಳು ಹಿಡಿಯಿತು. ಮೊಬೈಲಿನಲ್ಲಿ ಪುಸ್ತಕ ಓದುವ ಕಿಂಡಲ್ ಆ್ಯಪ್‌ನಲ್ಲಿ ಮೊದಲ ಕೆಲವು ಅಧ್ಯಾಯಗಳ ಸ್ಯಾಂಪಲ್ ಪುಕ್ಕಟೆ ಸಿಗುತ್ತದೆ, ಪದದ ಮೇಲೆ ಬೆರಳು ಒತ್ತಿ ಹಿಡಿದರೆ ಅರ್ಥವೂ ಬರುತ್ತದೆ. ಸ್ಯಾಂಪಲ್ ಪೂರ್ತಿ ಓದದೆ ದುಡ್ಡು ಕೊಡಬೇಡಿ. ಹಾಸಿಗೆಯ ಸನ್ನಿವೇಶಗಳು ಎಷ್ಟಿವೆ ಎಂದು ಮೊದಲೇ ತಿಳಿದುಕೊಳ್ಳುವುದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ. ಹದಿಹರೆಯದವರ ಕಥೆಯಂತೆ ಕಾಣುವ ರಕ್ಷಾಪುಟದ ಒಳಗೆ ದೊಡ್ಡವರ ಪುಸ್ತಕ ಇರುವುದು ಸಾಮಾನ್ಯ.

ಅವನ ಶಕ್ತಿ, ಅವಳ ಒಪ್ಪಿಗೆ

ಇಲ್ಲಿ ನಾನು ನಿಧಾನ ಮಾಡುತ್ತೇನೆ. ಈ ಕಥೆಗಳಲ್ಲಿ ನಾಯಕ ಸಾಮಾನ್ಯವಾಗಿ ನಾಯಕಿಗಿಂತ ಬಲಿಷ್ಠ. ನೂರಾರು ವರ್ಷ ಬದುಕಿರುತ್ತಾನೆ, ಗೋಡೆ ಒಡೆಯುತ್ತಾನೆ, ಮನಸ್ಸು ಓದುತ್ತಾನೆ. ಅಷ್ಟು ಬಲ ಇದ್ದವನು ಅವಳು 'ಬೇಡ' ಅಂದಾಗ ಏನು ಮಾಡುತ್ತಾನೆ? ಪುಸ್ತಕದ ತೂಕವೆಲ್ಲ ಆ ಒಂದು ಪುಟದಲ್ಲಿರುತ್ತದೆ.

2005ರಲ್ಲಿ ಬಂದ ಸ್ಟೆಫೆನಿ ಮೆಯರ್ ಅವರ 'ಟ್ವೈಲೈಟ್' ಅನ್ನೇ ತೆಗೆದುಕೊಳ್ಳಿ. ನನ್ನನ್ನು ಈ ಲೋಕಕ್ಕೆ ಕರೆತಂದದ್ದು ಅದೇ. ಹೊಸ ಊರು, ಮಳೆ, ಯಾರಿಗೂ ಸೇರದ ಹುಡುಗಿ, ಮೊದಲ ಪ್ರೀತಿ ಬಂದಾಗ ಉಳಿದದ್ದೆಲ್ಲ ಮಸುಕಾಗುವ ಪರಿ, ಇವನ್ನು ಅವರು ಖರೇ ಹಿಡಿದಿದ್ದಾರೆ. ಸರಣಿಯ ಎರಡನೆಯ ಪುಸ್ತಕದಲ್ಲಿ ಅವಳು ಪ್ರೀತಿಸಿದ ರಕ್ತಪಿಶಾಚಿ ಹುಡುಗ ಬಿಟ್ಟುಹೋದ ಮೇಲೆ ತಿಂಗಳ ಹೆಸರು ಮಾತ್ರ ಅಚ್ಚಾಗಿರುವ ಖಾಲಿ ಪುಟಗಳು ಬರುತ್ತವೆ. ಅಲ್ಲಿ ನಾನು ಅತ್ತಿದ್ದೇನೆ. ಆದರೆ ಆ ಹುಡುಗ ಅವಳಿಗೆ ಗೊತ್ತಿಲ್ಲದೆ ರಾತ್ರಿ ಕೋಣೆಗೆ ಬಂದು ಅವಳು ಮಲಗಿದ್ದನ್ನು ನೋಡುತ್ತಿರುತ್ತಾನೆ. ಮೂರನೆಯದರಲ್ಲಿ ಅವಳು ಗೆಳೆಯನ ಮನೆಗೆ ಹೋಗಬಾರದೆಂದು ಗಾಡಿಯ ಎಂಜಿನ್ನಿನ ಭಾಗವನ್ನೇ ಕಿತ್ತಿಡುತ್ತಾನೆ. ಇಪ್ಪತ್ತೊಂದರ ವಯಸ್ಸಿನಲ್ಲಿ ಓದಿದಾಗ ನನಗೆ ಅದು ಕಾಳಜಿಯಾಗಿ ಕಂಡಿತ್ತು. ಈಗ ಓದಿದರೆ, ಸ್ಕೂಟಿಯ ಚಾವಿ ಬಚ್ಚಿಡುವ ಗಂಡಂದಿರು ನೆನಪಾಗುತ್ತಾರೆ.

ನಾಯಕ ತಪ್ಪು ಮಾಡಲೇಬಾರದು ಎಂದು ನಾನು ಹೇಳುತ್ತಿಲ್ಲ. ಅವನು ಮಾಡಿದ್ದು ತಪ್ಪು ಎಂದು ಪುಸ್ತಕಕ್ಕೆ ಗೊತ್ತಿರಬೇಕು. ಸಾರಾ ಜೆ. ಮಾಸ್ ಅವರ 'ಎ ಕೋರ್ಟ್ ಆಫ್ ಥಾರ್ನ್ಸ್ ಆ್ಯಂಡ್ ರೋಸಸ್' 2015ರದು. ಅದರ ಮೊದಲ ಭಾಗ ನನಗೆ ಎಳೆದಂತೆ ಅನಿಸಿ ಎರಡು ಸಲ ಬಿಟ್ಟಿಟ್ಟಿದ್ದೆ. ಮುಂದಿನ ವರ್ಷ ಬಂದ ಎರಡನೆಯ ಪುಸ್ತಕ ಓದಿದ ಮೇಲೆ ಅಭಿಪ್ರಾಯ ಬದಲಾಯಿತು. (ಮುಂದಿನ ಸಾಲಿನಲ್ಲಿ ಕಥೆಯ ಗುಟ್ಟಿದೆ, ಬೇಡದವರು ಈ ಪ್ಯಾರಾ ದಾಟಿಹೋಗಿ.) ಮೊದಲ ಪುಸ್ತಕದಲ್ಲಿ ನಾವು ಮೆಚ್ಚಿದ ನಾಯಕನೇ ಎರಡನೆಯದರಲ್ಲಿ 'ನಿನ್ನ ರಕ್ಷಣೆಗೆ' ಎಂದು ಅವಳನ್ನು ಮನೆಯೊಳಗೆ ಕೂಡಿಹಾಕುತ್ತಾನೆ, ಅವಳು ಅವನನ್ನು ಬಿಟ್ಟು ಹೋಗುತ್ತಾಳೆ. ಬೀಗ ಹಾಕುವುದು ಪ್ರೀತಿಯಲ್ಲ ಎಂದು ಲೇಖಕಿ ತನ್ನದೇ ನಾಯಕನ ಎದುರು ನಿಂತು ಹೇಳಿದ್ದಾರೆ. ಅದು ಸಣ್ಣ ಧೈರ್ಯವಲ್ಲ.

ಕೂಡಿಹಾಕುವುದು ಅಂದಾಗ ನಮ್ಮ ರಾಣಿ ನೆನಪಾಗಲೇಬೇಕು. ಎ.ಕೆ. ರಾಮಾನುಜನ್ ಅವರಿಂದ ಕೇಳಿದ ಜನಪದ ಕಥೆಗಳಿಂದ ಗಿರೀಶ ಕಾರ್ನಾಡರು ಕಟ್ಟಿದ 'ನಾಗಮಂಡಲ' ಕಪಾಟಿನಲ್ಲಿ ಇದೇ ಸಾಲಿನಲ್ಲಿದೆ. ನಾಟಕವಾದರೂ ಅದರ ಜಾಗ ಅಲ್ಲೇ. ಗಂಡ ಅಪ್ಪಣ್ಣ ಮಧ್ಯಾಹ್ನ ಬಂದು ಉಂಡು ಮತ್ತೆ ಬೀಗ ಹಾಕಿ ಹೋಗುತ್ತಾನೆ. ಕುರುಡವ್ವ ಕೊಟ್ಟ ಬೇರಿನ ಸಾರನ್ನು ರಾಣಿ ಹೆದರಿ ಹುತ್ತಕ್ಕೆ ಸುರಿಯುತ್ತಾಳೆ, ಅದನ್ನು ಕುಡಿದ ನಾಗ ಗಂಡನ ರೂಪದಲ್ಲಿ ರಾತ್ರಿ ಬರುತ್ತಾನೆ. ಅವನು ಮೃದು, ಮಾತು ಕೇಳುತ್ತಾನೆ, ಅವಳನ್ನು ನಗಿಸುತ್ತಾನೆ. ಆದರೆ ಅವನು ಯಾರು ಎಂಬುದು ಅವಳಿಗೆ ಗೊತ್ತಿಲ್ಲ, ಕೇಳಿದರೆ 'ಕೇಳಬೇಡ' ಅನ್ನುತ್ತಾನೆ. ಇದು ಒಪ್ಪಿಗೆಯೋ ಮೋಸವೋ? ನಾಟಕ ನಮ್ಮನ್ನು ಆ ಮುಳ್ಳಿನ ಮೇಲೆಯೇ ಕೂರಿಸುತ್ತದೆ. ಎಲ್ಲಿಯದೇ ರೂಪ ಬದಲಿಸುವ ನಾಯಕನ ಕಥೆ ಕೈಗೆ ಬಂದರೂ ನಾನು ಈ ನಾಗನ ಪಕ್ಕದಲ್ಲಿಟ್ಟು ನೋಡುತ್ತೇನೆ. ಅವಳಿಗೆ ಸತ್ಯ ಯಾವ ಪುಟದಲ್ಲಿ ತಿಳಿಯಿತು? ತಿಳಿದ ಮೇಲೆ ಅವಳಿಗೆ ಎದ್ದು ಹೋಗುವ ದಾರಿ ಇತ್ತೇ?

'ವಿಧಿ ಬರೆದ ಜೋಡಿ' ಎಂಬ ತಂತ್ರವೂ ಹೀಗೇ. ತೋಳಮನುಷ್ಯರ ಕಥೆಗಳಲ್ಲಿ ವಾಸನೆ ಹಿಡಿದ ಕೂಡಲೇ 'ಇವಳೇ ನನ್ನವಳು' ಎಂದು ಗೊತ್ತಾಗಿಬಿಡುತ್ತದೆ. ಓದಲು ಹಿತ ನಿಜ. ಆದರೆ 'ಹಣ್ಯಾಗ ಬರದದ್ದು ತಪ್ಪಂಗಿಲ್ಲ' ಎಂದು ಕೇಳುತ್ತಲೇ ಬೆಳೆದು, ಗಂಡಿನ ಮುಖ ಸರಿಯಾಗಿ ನೋಡುವ ಮೊದಲೇ ನಿಶ್ಚಯವಾದ ನನ್ನಂಥವಳಿಗೆ ಅದು ಬರೀ ಹಿತವಲ್ಲ. ವಿಧಿ ಕೂಡಿಸಿದ ಮೇಲೂ ಅವಳು ತಾನಾಗಿ ಆರಿಸಿಕೊಳ್ಳುವ ತನಕ ಅವನು ಕಾದರೆ ಆ ಪುಸ್ತಕ ಇಟ್ಟುಕೊಳ್ಳುತ್ತೇನೆ. ಕಾಯದಿದ್ದರೆ ಯಾರಿಗಾದರೂ ಕೊಟ್ಟುಬಿಡುತ್ತೇನೆ.

ಮೈಮೇಲೆ ಬರುವ ಆತ್ಮಗಳ ಪ್ರೇಮಕಥೆಗಳಲ್ಲಿ ಇನ್ನೂ ಬಿಗಿಯಾಗಿರಿ. ಚಿಕ್ಕವಳಿದ್ದಾಗ ಅಜ್ಜಿಯ ಸಂಗಡ ಗಾಣಗಾಪುರಕ್ಕೆ ಹೋಗಿದ್ದೆ. ಭೀಮಾ-ಅಮರ್ಜಾ ಸಂಗಮದಲ್ಲಿ ಮಿಂದು, ಮಧ್ಯಾಹ್ನದ ಆರತಿಗೆ ದತ್ತನ ಗುಡಿಯಲ್ಲಿ ನಿಂತಿದ್ದೆವು. ದೆವ್ವ ಬಡಿದಿದೆ ಎಂದು ಮನೆಯವರು ಕರೆತಂದಿದ್ದ ಹೆಂಗಸೊಬ್ಬಳು ನಗಾರಿ ಶುರುವಾದಂತೆ ಚೀರುತ್ತ ಕಂಬ ಹತ್ತಿದಳು. ಆರತಿ ಮುಗಿದ ಮೇಲೆ ಅವಳೇ ಕಟ್ಟೆಯ ಮೇಲೆ ಕೂತು, ಬಳೆ ಒಡೆದು ಗೀರು ಬಿದ್ದ ಕೈಯನ್ನು ನೋಡಿಕೊಳ್ಳುತ್ತಿದ್ದಳು. ಆ ಕೈ ನನಗೆ ಮರೆಯುವುದಿಲ್ಲ. ಯಾವುದೋ ಆತ್ಮ ಹುಡುಗಿಯ ಮೈ ಹೊಕ್ಕು ತನ್ನ ಹಳೆಯ ಪ್ರೀತಿ ಪೂರೈಸಿಕೊಳ್ಳುತ್ತದೆ ಎಂಬ ಕಥೆ ಬಂದರೆ, ಆ ಮೈಯ ಒಡತಿಗೆ ಎಚ್ಚರವಾದಾಗ ಅವಳಿಗೆ ಮಾತಾಡಲು ಎರಡು ಪುಟವಾದರೂ ಕೊಟ್ಟಿದ್ದಾರೆಯೇ ಎಂದು ಹುಡುಕುತ್ತೇನೆ. ಬಹಳ ಪುಸ್ತಕಗಳು ಕೊಡುವುದಿಲ್ಲ.

ಮಾಯೆಗೂ ನಿಯಮ ಬೇಕು

ನನ್ನ ತವರು ಬೀದರ್. ಬಿದ್ರಿ ಕೆಲಸ ಮಾಡುವವರ ಓಣಿಯಲ್ಲಿ ಆಡಿ ಬೆಳೆದವಳು. ಸತು ಮತ್ತು ತಾಮ್ರ ಕೂಡಿಸಿ ಎರಕ ಹೊಯ್ದು, ಕೆತ್ತಿದ ಗೆರೆಗಳಲ್ಲಿ ಬೆಳ್ಳಿ ಕೂರಿಸಿ, ಕೊನೆಗೆ ಕೋಟೆಯ ಹಳೆಯ ಮಣ್ಣು ಮತ್ತು ನವಸಾಗರ ಕಲಸಿದ ನೀರಿನಲ್ಲಿ ಹಾಕುತ್ತಾರೆ. ಸತುವಿನ ಲೋಹ ಕಾಡಿಗೆಯಂತೆ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ನೋಡುವ ಮಗುವಿಗೆ ಅದು ಪೂರಾ ಮಾಯೆ. ಆದರೆ ಯಾವ ಮಣ್ಣಾದರೂ ನಡೆಯುವುದಿಲ್ಲ, ಯಾವ ಲೋಹವಾದರೂ ನಡೆಯುವುದಿಲ್ಲ. ಕಾದಂಬರಿಯ ಮಾಯೆಯೂ ನನಗೆ ಹಾಗಿರಬೇಕು: ಯಾವುದನ್ನು ಬದಲಿಸುತ್ತದೆ, ಯಾವುದನ್ನು ಮುಟ್ಟಲಾರದು ಎಂದು ಮೊದಲೇ ತಿಳಿದಿರಬೇಕು.

ರೆಬೆಕಾ ಯಾರೋಸ್ ಅವರ 'ಫೋರ್ತ್ ವಿಂಗ್' (2023) ಈ ವಿಷಯದಲ್ಲಿ ಗಟ್ಟಿ. ಡ್ರ್ಯಾಗನ್ ಸತ್ತರೆ ಅದರ ಸವಾರನೂ ಸಾಯುತ್ತಾನೆ, ಆದ್ದರಿಂದ ಪ್ರತಿ ಹಾರಾಟದಲ್ಲೂ ಜೀವ ಕೈಯಲ್ಲಿ. ನಾಯಕಿಯ ಕೀಲುಗಳು ಸುಲಭಕ್ಕೆ ಜಾರುತ್ತವೆ. ಮಾಯೆ ಬಂದು ಅದನ್ನು ವಾಸಿ ಮಾಡಿಬಿಡುವುದಿಲ್ಲ, ಅವಳು ಪಟ್ಟಿ ಕಟ್ಟಿಕೊಂಡು, ಜೀನು ಹಾಕಿಕೊಂಡು ಏರುತ್ತಾಳೆ. ಸಂಧಿವಾತದ ಕೈಯಲ್ಲೇ ರೊಟ್ಟಿ ತಟ್ಟುವ ನಮ್ಮ ಅತ್ತೆಯವರಿಗೆ ಇದನ್ನು ಹೇಳಿದಾಗ, "ಹಂಗಾದ್ರ ಆಕಿ ಖರೇ ಹುಡಗಿ" ಅಂದರು. ನನಗೆ ಹಿಡಿಸದ್ದು ಭಾಷೆ: ಹಳೆಯ ಕಾಲದ ಯುದ್ಧಶಾಲೆಯಲ್ಲಿ ಎಲ್ಲರೂ ಇವತ್ತಿನ ಕಾಲೇಜು ಹುಡುಗರ ಹಾಗೆ ಮಾತಾಡುತ್ತಾರೆ.

ಒಂದೇ ಒಂದು ಹೆಸರು ಹೇಳಿ ಎಂದರೆ ನಾನು ನಳಿನಿ ಸಿಂಗ್ ಅನ್ನುತ್ತೇನೆ. ಫಿಜಿಯಲ್ಲಿ ಹುಟ್ಟಿ ನ್ಯೂಜಿಲೆಂಡಿನಲ್ಲಿ ಬೆಳೆದವರು. 2006ರ 'ಸ್ಲೇವ್ ಟು ಸೆನ್ಸೇಷನ್' ಕಾದಂಬರಿಯಲ್ಲಿ ಮನಶ್ಶಕ್ತಿ ಇರುವ ಒಂದು ಜನಾಂಗ ಹಿಂಸೆಯಿಂದ ತಪ್ಪಿಸಿಕೊಳ್ಳಲು ಮಕ್ಕಳಿಗೆ ಎಳವೆಯಿಂದಲೇ ಭಾವನೆ ಅದುಮುವುದನ್ನು ಕಲಿಸುತ್ತದೆ. ಅಲ್ಲಿಯ ನಾಯಕಿ ತನ್ನೊಳಗೆ ಅಳು, ನಗು ಏಳುತ್ತಿದೆ ಎಂಬುದನ್ನು ಹೆತ್ತ ತಾಯಿಯಿಂದಲೂ ಮುಚ್ಚಿಡಬೇಕು. ನಗುವುದನ್ನು ಕದ್ದು ಕಲಿಯುವ ಹೆಣ್ಣು! ಚಿರತೆಯಾಗಬಲ್ಲ ನಾಯಕ ಆಮೇಲಿನ ಮಾತು, ನಾನು ಓದಿದ್ದು ಅವಳಿಗಾಗಿ.

ಅಭಿಪ್ರಾಯ ಬರೆಯುವಾಗ

ಪುಸ್ತಕ ಮುಗಿದ ರಾತ್ರಿಯೇ ಬರೆಯಿರಿ, ಬೇರೆಯವರು ಎಷ್ಟು ನಕ್ಷತ್ರ ಕೊಟ್ಟಿದ್ದಾರೆ ಎಂದು ನೋಡುವ ಮೊದಲು. ನಾನು ಹಳೆಯ ಕ್ಯಾಲೆಂಡರ್ ಹಾಳೆ ಕತ್ತರಿಸಿ ಚೀಟಿ ಮಾಡಿ ಪ್ರತಿ ಪುಸ್ತಕದ ಬೆನ್ನಿಗೆ ಇಟ್ಟಿದ್ದೇನೆ. ಎಲ್ಲಿ ನಿದ್ದೆ ಬಿಟ್ಟೆ, ಎಲ್ಲಿ ಬೇಸರವಾಯಿತು, ಯಾವ ಪುಟದಲ್ಲಿ ನಾಯಕನ ಮೇಲೆ ಸಿಟ್ಟು ಬಂತು, ಪುಟಸಂಖ್ಯೆ ಸಮೇತ. ಪುಟಸಂಖ್ಯೆ ಇಲ್ಲದ ಅಭಿಪ್ರಾಯ ನನ್ನ ಮಟ್ಟಿಗೆ ರಸೀದಿ ಇಲ್ಲದ ಖರ್ಚು. ಅರ್ಧಕ್ಕೆ ಬಿಟ್ಟಿದ್ದರೆ ಹಾಗೆಂದೇ ಬರೆಯಿರಿ. 'ನನಗೆ ಹಿಡಿಸಲಿಲ್ಲ' ಮತ್ತು 'ಕೆಟ್ಟದಾಗಿ ಬರೆದಿದ್ದಾರೆ' ಇವೆರಡನ್ನು ಬೇರೆ ಬೇರೆ ಸಾಲಿನಲ್ಲಿ ಇಡಿ.

ಪುಸ್ತಕವನ್ನು ಬೈಯಿರಿ, ಅದನ್ನು ಪ್ರೀತಿಸಿದವರನ್ನು ಬೇಡ. ಮಿಲ್ಲಿನಲ್ಲಿ ಜೊತೆಗೆ ಕೆಲಸ ಮಾಡುವವಳೊಬ್ಬಳು ತನ್ನ ಮೆಚ್ಚಿನ ರಕ್ತಪಿಶಾಚಿಯ ಕಥೆ ಹೇಳುತ್ತಿದ್ದಾಗ, ನಡುವೆಯೇ ಬಾಯಿ ಹಾಕಿ ಅದರ ತಪ್ಪುಗಳನ್ನು ಎಣಿಸಿಬಿಟ್ಟೆ. ಅವಳು ಊಟದ ಡಬ್ಬಿ ಮುಚ್ಚಿ ಎದ್ದು ಹೋದಳು. ಮನೆಯಲ್ಲಿ ಯಾರೂ ಮಾತಾಡಿಸದ ದಿನಗಳಲ್ಲಿ ಆ ಪುಸ್ತಕ ಅವಳ ಜೊತೆಗಿತ್ತಂತೆ, ಆಮೇಲೆ ತಿಳಿಯಿತು. ಈಗ ನಾನು ಮೊದಲು 'ನಿನಗ ಯಾವ ಪುಟ ಸೇರಿತು?' ಎಂದು ಕೇಳುತ್ತೇನೆ.

ಆ ಮೇ ತಿಂಗಳಲ್ಲಿ ಹುಡುಗಿಗೆ ಕೊಟ್ಟದ್ದು ಶಾರ್ಲೇನ್ ಹ್ಯಾರಿಸ್ ಅವರ 'ಡೆಡ್ ಅನ್‌ಟಿಲ್ ಡಾರ್ಕ್' (2001). ಅಮೆರಿಕದ ಲೂಸಿಯಾನಾದ ಸಣ್ಣ ಊರಿನ ಬಾರಿನಲ್ಲಿ ಬಡಿಸುವ ಹುಡುಗಿ, ಎಲ್ಲರ ಮನಸ್ಸಿನ ಮಾತು ಕಿವಿಗೆ ಬಿದ್ದು ಬಿದ್ದು ಬಳಲಿದವಳು. ರಕ್ತಪಿಶಾಚಿಯೊಬ್ಬ ಬಂದು ಕೂತಾಗ ಅವನ ಮನಸ್ಸಿನಿಂದ ಮಾತ್ರ ಏನೂ ಕೇಳಿಸುವುದಿಲ್ಲ. ಆ ಮೌನಕ್ಕೇ ಅವಳು ಸೋಲುತ್ತಾಳೆ. ಅವಳ ಅಜ್ಜಿಯೋ, ಅವನು ನೂರು ವರ್ಷಕ್ಕೂ ಹಿಂದಿನ ಯುದ್ಧ ಕಂಡವನೆಂದು ತಿಳಿದು, ತಮ್ಮ ಸಂಘಕ್ಕೆ ಬಂದು ಭಾಷಣ ಮಾಡಲು ಕೇಳುತ್ತಾಳೆ! ಕೊಲೆಗಳಿವೆ, ಹಾಸಿಗೆಯ ಸನ್ನಿವೇಶಗಳಿವೆ, ಎರಡನ್ನೂ ಮೊದಲೇ ಹೇಳಿಯೇ ಕೊಟ್ಟೆ. ಆ ರಕ್ತಪಿಶಾಚಿಯ ಬಗ್ಗೆ ನನ್ನ ಚೀಟಿಯಲ್ಲಿ ಒಳ್ಳೆಯ ಮಾತೇ ಹೆಚ್ಚಿತ್ತು.

ನಾಲ್ಕು ದಿನಕ್ಕೆ ಓದಿ ಮುಗಿಸಿ ಮುಂದಿನದನ್ನು ಕೇಳಿದಳು. ಸರಣಿಯಲ್ಲಿ ಹದಿಮೂರು ಕಾದಂಬರಿಗಳಿವೆ, ನನ್ನ ಹತ್ತಿರ ಇದ್ದದ್ದು ಆರು. ಆರನ್ನೂ ಚೀಲದಲ್ಲಿ ಹಾಕಿಕೊಂಡು ಬೀದರದ ಬಸ್ಸು ಹತ್ತಿದಳು. ದಸರೆಗೆ ಮರಳಿ ಬಂದಾಗ ಚೀಟಿ ತೆಗೆದು ನೋಡಿದೆ. ಮೊದಲ ಪುಸ್ತಕದ ನನ್ನ ಸಾಲುಗಳ ಕೆಳಗೆ ಪೆನ್ಸಿಲಿನಲ್ಲಿ ಬರೆದಿದ್ದಳು: "ದೊಡ್ಡವ್ವಾ, ಆರನೇದು ಓದಿದ ಮ್ಯಾಲ ಇವಂಗ ಮಾಫಿ ಇಲ್ಲ. ನೀ ಇನ್ನೊಮ್ಮೆ ಓದು." ನಾನು ಮತ್ತೆ ಓದಲು ಶುರುಮಾಡಿದ್ದೇನೆ, ಈ ಸಲ ಅವಳ ಪೆನ್ಸಿಲ್ಲಿನ ಗುರುತು ಇರುವ ಪುಟಗಳಲ್ಲಿ ನಿಂತು ನಿಂತು.