ಉಯಿಲಿಗೆ ಮೊದಲು ಪಹಣಿ: ತೋಟದ ಆಸ್ತಿ ವ್ಯವಸ್ಥೆ ಮಾಡಿದ ನನ್ನ ಅನುಭವ

ಸಾಗರ ತಾಲೂಕಿನ ನಮ್ಮ ಅಡಿಕೆ ತೋಟ ಮತ್ತು ಗದ್ದೆಯ ವಿಚಾರವನ್ನು ನಾನು ಬದುಕಿರುವಾಗಲೇ ಇತ್ಯರ್ಥ ಮಾಡಬೇಕೆಂದು ಹೊರಟಾಗ, ಹೆಚ್ಚಿನವರು ಕೊಟ್ಟ ಸಲಹೆ ಉಯಿಲು ಬರೆದಿಡಿ ಎಂಬುದು. ಆದರೆ ಯಾವ ಆಸ್ತಿಯನ್ನು ಬರೆದುಕೊಡುವ ಅಧಿಕಾರ ನನಗಿದೆ ಎಂಬುದು ಖಚಿತವಾಗದೆ ಬರೆದ ಉಯಿಲು ಮಕ್ಕಳನ್ನು ಕೋರ್ಟಿಗೆ ಕಳಿಸುತ್ತದೆ. ಆದ್ದರಿಂದ ಮೊದಲು ಪ್ರತಿ ಸರ್ವೆ ನಂಬರಿನ ಪಹಣಿ (ಜಮೀನಿನ ಹಕ್ಕು, ಬೆಳೆಯ ಕಂದಾಯ ದಾಖಲೆ), ಹೆಸರು ಬದಲಾವಣೆಯ ಮ್ಯುಟೇಶನ್ ಪ್ರತಿ ಮತ್ತು ಮಾರಾಟ, ಅಡಮಾನಗಳನ್ನು ತೋರಿಸುವ ಋಣಭಾರ ಪತ್ರ ತೆಗೆಸಿ, ಯಾವ ಜಮೀನು ಯಾವ ದಾರಿಯಲ್ಲಿ ನಮಗೆ ಬಂತು ಎಂದು ನೋಡಿದೆ.

ಗದ್ದೆ ನನ್ನ ಸಂಬಳದಲ್ಲಿ ಕೊಂಡದ್ದು, ಕ್ರಯಪತ್ರ ನೋಂದಣಿಯಾಗಿದೆ, ಅದು ಸ್ವಯಾರ್ಜಿತ. ತೋಟ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಗೂ ಮೊದಲಿನಿಂದ ಅವಿಭಕ್ತ ಕುಟುಂಬದ್ದು. ಇನ್ನು ತೋಟದ ಬೆನ್ನಿಗಿರುವ ಸೊಪ್ಪಿನಬೆಟ್ಟ, ಅಂದರೆ ತೋಟಕ್ಕೆ ಬೇಕಾದ ಸೊಪ್ಪು ತರುವ ಕಾಡು. ತಲೆಮಾರುಗಳಿಂದ ಬೇಲಿ ಕಟ್ಟಿ ಕಾಯ್ದ ಬೆಟ್ಟವನ್ನು ನಮ್ಮದೆನ್ನುವುದು ಮಲೆನಾಡಿನಲ್ಲಿ ರೂಢಿ. ಆದರೆ ಅದು ಸರ್ಕಾರದ ಜಮೀನು. 1964ರ ಭೂಕಂದಾಯ ಕಾಯ್ದೆಯ 79ನೇ ಕಲಮಿನ ಪ್ರಕಾರ ನಮಗಿರುವುದು ಸೊಪ್ಪು, ತರಗೆಲೆ ತರುವಂಥ ಸವಲತ್ತು ಮಾತ್ರ. ಅದನ್ನು ಎಕರೆ ಲೆಕ್ಕದಲ್ಲಿ ಮಕ್ಕಳ ಹೆಸರಿಗೆ ಹಂಚಿ ಬರೆಯುವುದು ವ್ಯರ್ಥ.

ತೋಟದ ಪಹಣಿಯಲ್ಲಿ ಮಾಲೀಕರ ಹೆಸರಿರುವ 9ನೇ ಕಾಲಮಿನಲ್ಲಿ ತೀರಿಹೋದ ತಂದೆಯ ಹೆಸರೇ ಇತ್ತು. ತಾಯಿಯೂ ಇಲ್ಲದ್ದರಿಂದ, ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷ ಕೊಟ್ಟು ನನ್ನ ಮತ್ತು ತಂಗಿಯ ಹೆಸರಿಗೆ ಜಂಟಿಯಾಗಿ ಪೌತಿ ಖಾತೆ ಮಾಡಿಸಿದೆ. ತಂಗಿಯಿಂದ ಹಕ್ಕು ಬಿಡುಗಡೆ ಪತ್ರ ಬರೆಸಿಕೊಂಡರೆ ಎಲ್ಲವೂ ಸುಲಭ ಎಂದವರಿದ್ದರು. ಅರಿಶಿನ ಕುಂಕುಮ, ಸೀರೆ ಕೊಟ್ಟು ಹೆಣ್ಣುಮಕ್ಕಳ ಸಹಿ ಪಡೆಯುವ ಈ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದಲೇ ಮಗನಷ್ಟೇ ಹಕ್ಕು ಕೊಟ್ಟಿದೆ. ತಿದ್ದುಪಡಿ ಜಾರಿಯಾದ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು 2020ರ ವಿನೀತಾ ಶರ್ಮ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ತಂಗಿ ತನ್ನ ಪಾಲು ಬೇಕೆಂದಳು, ಸಮಪಾಲು ಮಾಡಿದೆವು.

ನಿಜವಾದ ಕೆಲಸ ವಿಭಾಗಪತ್ರದಲ್ಲಿತ್ತು. ಸರ್ವೆ ನಂಬರು ಒಡೆಯಬೇಕಾದ್ದರಿಂದ ಒಡೆಯುವ ಭಾಗಗಳನ್ನು ಅಳೆದು ತೋರಿಸುವ 11ಇ ನಕ್ಷೆ ಬೇಕಾಯಿತು. ಆದರೆ ತೋಟವನ್ನು ಗುಂಟೆ ಲೆಕ್ಕದಲ್ಲಿ ಒಡೆದರೆ ಸಾಲದು. ಗುಡ್ಡದಿಂದ ಹರಿದು ಬರುವ ಅಬ್ಬಿ ನೀರು ಮೇಲಿನ ಭಾಗದಿಂದ ಇಳಿಯುತ್ತದೆ, ಮಳೆಗಾಲದ ನೀರು ಕೆಳಗಿನ ಭಾಗದ ಬಸಿಗಾಲುವೆಯಲ್ಲೇ ಹರಿದು ಹೋಗಬೇಕು. ಅಡಿಕೆ ಮರ ಹತ್ತುವ ಕೊನೆಗೌಡರು ಕೊಯ್ದ ಗೊನೆ ಹೊರಲು ದಾರಿ ಒಂದೇ. ಹಾಗಾಗಿ ಅಬ್ಬಿಯ ನೀರಿನ ಸರದಿ, ಪೈಪು ಹೋಗುವ ಜಾಗ, ಕಾಲುವೆ ಹೂಳು ತೆಗೆಸುವ ಹೊಣೆ, ದಾರಿಯ ಅಗಲ, ಅಡಿಕೆ ಒಣಗಿಸುವ ಅಂಗಳದ ಬಳಕೆ ಎಲ್ಲವನ್ನೂ ಪತ್ರದಲ್ಲಿ ಬರೆಸಿ ನೋಂದಣಿ ಮಾಡಿಸಿದೆವು. ಅಣ್ಣ ತಂಗಿ ಅನ್ಯೋನ್ಯವಾಗಿರುವಾಗ ಇದು ಅತಿಯೆನಿಸಬಹುದು, ಆದರೆ ಆ ಪತ್ರವನ್ನು ಮುಂದೆ ಓದುವವರು ನಮ್ಮ ಮೊಮ್ಮಕ್ಕಳು.

ಆನಂತರವೇ ಉಯಿಲು. ವಿಭಾಗದಲ್ಲಿ ಬಂದ ತೋಟದಲ್ಲಿ ನನ್ನ ಮಗ, ಮಗಳಿಗೆ ಹುಟ್ಟಿನ ಹಕ್ಕಿರುವುದರಿಂದ, ಅದರಲ್ಲಿ ನನ್ನ ಅವಿಭಜಿತ ಪಾಲನ್ನು ಮಾತ್ರ ಬರೆಯಲು ಸಾಧ್ಯವಿತ್ತು. ಗದ್ದೆಯನ್ನು ಪೂರ್ತಿಯಾಗಿ ಹೆಂಡತಿಗೆ ಬರೆದೆ. ಬ್ಯಾಂಕ್ ಠೇವಣಿಗಳನ್ನೂ ಸೇರಿಸಿದೆ, ಏಕೆಂದರೆ ನಾಮಿನಿ ಹಣ ಪಡೆಯುವವನೇ ಹೊರತು ಅದರ ವಾರಸುದಾರನಲ್ಲ. ಉಯಿಲಿಗೆ ಛಾಪಾ ಕಾಗದ ಬೇಡ, ನೋಂದಣಿಯೂ ಕಡ್ಡಾಯವಲ್ಲ. ಆದರೂ ಮೂಲ ಪ್ರತಿ ಕಳೆದರೆ ದಾಖಲೆ ಉಳಿಯಲೆಂದು ನೋಂದಣಿ ಮಾಡಿಸಿದೆ. ಕಾಯ್ದೆ ಕೇಳುವ ಇಬ್ಬರು ಸಾಕ್ಷಿಗಳನ್ನು ನನಗಿಂತ ಬಹಳ ಕಿರಿಯರಲ್ಲಿ, ಆಸ್ತಿ ಪಡೆಯದವರಲ್ಲಿ ಆರಿಸಿದೆ, ಏಕೆಂದರೆ ಮುಂದೆ ತಕರಾರು ಎದ್ದರೆ ಅವರಲ್ಲೊಬ್ಬರಾದರೂ ಕೋರ್ಟಿನಲ್ಲಿ ನಿಂತು ನನ್ನ ಸಹಿಯನ್ನು ರುಜುವಾತು ಮಾಡಬೇಕಾಗುತ್ತದೆ.