ಜರ್ಮನಿಗೆ ಹೊರಟ ದಾವಣಗೆರೆ–ದುರ್ಗದವರಿಗೆ: ಬಿಯರ್ ವಿಚಾರ

ರಜೆಗೆ ದಾವಣಗೆರೆಗೆ ಬಂದೆ ಅಂದ್ರೆ ಸಾಕು, ಜರ್ಮನಿಗೆ ಓದೋಕೆ ಹೊರಟವರು ಮನೆಗೆ ಬರುತ್ತಾರೆ. ಇಲ್ಲಿನ ಬಿಐಇಟಿ, ಯುಬಿಡಿಟಿ ಎಂಜಿನಿಯರಿಂಗ್ ಕಾಲೇಜಿನವರು, ಚಿತ್ರದುರ್ಗದಿಂದ ಬಸ್ಸು ಹತ್ತಿ ಬಂದವರು. ವೀಸಾ, ರೂಮು, ಕುಕ್ಕರ್ ಒಯ್ಯಬೇಕಾ ಬೇಡವಾ, ಇಷ್ಟು ಅಮ್ಮ ಟೀ ಕೊಡುವ ತನಕ. ಅಮ್ಮ ಒಳಗೆ ಹೋದ ಮೇಲೆ ದನಿ ಸಣ್ಣದಾಗುತ್ತದೆ. "ಅಣ್ಣ, ಅಲ್ಲಿ ಯಾವ ಬಿಯರ್ ಚೆನ್ನಾಗಿರುತ್ತೆ?"

ನೀವು ಹೋಗ್ತಿರೋ ಊರು ಯಾವುದು, ಮೊದಲು ಅದನ್ನು ಹೇಳಿ. ನಮ್ಮಲ್ಲಿ ಹರಿಹರದಿಂದ ಹಿರಿಯೂರಿನವರೆಗೂ ಯಾವ ಬಾರಿಗೆ ಹೋದರೂ ಅದೇ ಕಿಂಗ್‌ಫಿಷರ್ ಸ್ಟ್ರಾಂಗು, ಅದೇ ನಾಕೌಟು. ನಾವು ಕೇಳೋದು ಒಂದೇ, "ಚಿಲ್ಡ್ ಇದೆಯಾ?" ಜರ್ಮನಿಯಲ್ಲಿ ಹಾಗಲ್ಲ. ಅಲ್ಲಿ ಊರು ಬದಲಾದರೆ ಬಿಯರು, ಗ್ಲಾಸು, ಅಳತೆ ಎಲ್ಲ ಬದಲು. ಹೋದ ಊರಿನವರು ಏನು ಕುಡೀತಾರೋ ಅದನ್ನೇ ಕುಡಿಯಿರಿ. ಬ್ರಾಂಡ್ ಹುಡುಕುತ್ತಾ ಅಲೆಯಬೇಡಿ.

ಮೊದಲು ನಮ್ಮ ನಾಲಿಗೆಯ ಕಥೆ. ನಮ್ಮ ಕಡೆ ಬಿಯರ್ ಅಂದರೆ ಬೇಸಿಗೆಯ ಮಾತು. ಉಳಿದ ಕಾಲಕ್ಕೆ ಕ್ವಾರ್ಟರು, ನೈಂಟಿ. ಬೇಸಿಗೆಯಲ್ಲೂ 650 ಎಂಎಲ್ ಬಾಟಲಿ, ಶೇಕಡಾ 8ರ ಹತ್ತಿರದ ಸ್ಟ್ರಾಂಗೇ ಬೇಕು. ಕೊಟ್ಟ ದುಡ್ಡಿಗೆ ಎಷ್ಟು ಏರುತ್ತೆ ಅನ್ನೋದೇ ಲೆಕ್ಕ. ಜರ್ಮನಿಯ ದಿನಬಳಕೆಯ ಬಿಯರು ಶೇಕಡಾ 5ರ ಆಸುಪಾಸು. ಅರ್ಧ ಲೀಟರ್ ಮುಂದಿಟ್ಟುಕೊಂಡು ಒಂದು ಗಂಟೆ ಹರಟುತ್ತಾರೆ. ಹೊಸಬರು ಹತ್ತು ನಿಮಿಷದಲ್ಲಿ ಗ್ಲಾಸು ಖಾಲಿ ಮಾಡಿ "ಕಿಕ್ಕೇ ಇಲ್ಲ" ಅಂತಾರೆ. ಸ್ಟ್ರಾಂಗೇ ಬೇಕು ಅಂದರೆ ಮಾರ್ಚ್ ತನಕ ತಡೆಯಿರಿ. ಈಸ್ಟರ್ ಮುಂಚಿನ ಉಪವಾಸದ ದಿನಗಳಲ್ಲಿ ಮ್ಯೂನಿಕ್ ಕಡೆ ಡೊಪ್ಪೆಲ್‌ಬಾಕ್ ಅನ್ನೋ ಸ್ಟ್ರಾಂಗ್ ಬಿಯರು ಬರುತ್ತದೆ. ಶೇಕಡಾ 7ರ ಮೇಲೆಯೇ. ಹೆಸರು ಸಾಮಾನ್ಯವಾಗಿ 'ಆಟರ್' ಅಂತ ಮುಗಿಯುತ್ತೆ, ಸಾಲ್ವಾಟರ್ ಥರ. ಉಪವಾಸದಲ್ಲಿ ಊಟದ ಬದಲು ಕುಡಿಯಲಿ ಅಂತ ಸನ್ಯಾಸಿಗಳು ಶುರು ಮಾಡಿದ್ದು. ನಮ್ಮ ಏಕಾದಶಿಗೆ ಈ ಐಡಿಯಾ ಯಾರಿಗೂ ಹೊಳೆಯಲಿಲ್ಲ ನೋಡಿ.

ಮ್ಯೂನಿಕ್‌ಗೆ ಹೋಗುವವರು ವೈಸ್‌ಬಿಯರ್‌ನಿಂದ ಶುರು ಮಾಡಿ. ಇದರ ಮಾಲ್ಟ್‌ನಲ್ಲಿ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಕಾಳಿನಲ್ಲಿ, ಕನಿಷ್ಠ ಅರ್ಧ ಗೋಧಿ ಇರುತ್ತೆ, ಕಹಿ ಕೊಡುವ ಹಾಪ್ಸ್ ಹೂವು ಕಡಿಮೆ, ಅದಕ್ಕೇ ಕಹಿ ಇಲ್ಲ. ಬಾಳೆಹಣ್ಣು, ಲವಂಗದ ವಾಸನೆ ಬರುತ್ತೆ. ಹಾಗಂತ ಅವೆರಡನ್ನೂ ಹಾಕಿರಲ್ಲ. ಅದು ಯೀಸ್ಟ್‌ನ ಕೆಲಸ. ಬಾಟಲಿಯಿಂದ ಬಗ್ಗಿಸೋಕೂ ಒಂದು ಕ್ರಮ ಇದೆ. ಎತ್ತರದ ಗ್ಲಾಸನ್ನು ನೀರಲ್ಲಿ ಒಮ್ಮೆ ತೊಳೆದು, ಓರೆಯಾಗಿ ಹಿಡಿದು, ನಿಧಾನ ಸುರಿಯಬೇಕು. ಬಾಟಲಿಯಲ್ಲಿ ಎರಡು ಬೆರಳಷ್ಟು ಉಳಿದಾಗ ನಿಲ್ಲಿಸಿ, ಬಾಟಲಿಯನ್ನು ಗಿರಗಿರ ತಿರುಗಿಸಿ, ತಳದ ಯೀಸ್ಟ್ ಸಮೇತ ಮೇಲೆ ಹಾಕಬೇಕು. ಆಗ ಬಿಯರು ಮಬ್ಬಾಗುತ್ತೆ. ಮಬ್ಬಾಗಿದೆ ಅಂತ ವಾಪಸ್ ಕಳಿಸಬೇಡಿ, ಅದು ಇರಬೇಕಾದ್ದೇ ಹಾಗೆ.

ನೊರೆಯ ಬಗ್ಗೆಯೂ ಹೇಳಿಬಿಡುತ್ತೇನೆ. ನಮ್ಮ ಬಾರಲ್ಲಿ ನೊರೆ ಜಾಸ್ತಿ ಬಂದರೆ ಸಪ್ಲೈಯರ್ ಮೋಸ ಮಾಡಿದ ಅಂತಲೇ ಅರ್ಥ. ಅಲ್ಲಿ ಪ್ರತಿ ಗ್ಲಾಸಿನ ಮೇಲೂ ಒಂದು ಗೆರೆ ಇರುತ್ತೆ, ಪಕ್ಕದಲ್ಲಿ ಅಳತೆ. ಬಿಯರು ಆ ಗೆರೆಗೆ ಬರಬೇಕು, ನೊರೆ ಅದರ ಮೇಲೆ. ಗೆರೆಗಿಂತ ಕಡಿಮೆ ಇದ್ದರೆ ಧೈರ್ಯವಾಗಿ ಕೇಳಿ, ತುಂಬಿಸಿ ಕೊಡುತ್ತಾರೆ. ನೊರೆಯೇ ಇಲ್ಲದಿದ್ದರೆ ಅಲ್ಲಿಯವರು ಮುಖ ಸಿಂಡರಿಸುತ್ತಾರೆ.

ಕೊಲೋನ್ ಊರಿನ ಪದ್ಧತಿ ಬೇರೆ. ಅಲ್ಲಿ ಕೋಲ್ಷ್ ಅನ್ನೋ ತಿಳಿ ಬಿಯರು, 200 ಎಂಎಲ್‌ನ ಕಡ್ಡಿಯಂಥ ಗ್ಲಾಸು. ನಮ್ಮ ಕ್ವಾರ್ಟರಿಗಿಂತ 20 ಎಂಎಲ್ ಜಾಸ್ತಿ, ಅಷ್ಟೇ. ಗ್ಲಾಸು ಖಾಲಿಯಾದ ಕೂಡಲೇ, ನೀವು ಕೇಳದಿದ್ದರೂ, ಸಪ್ಲೈಯರ್ ಇನ್ನೊಂದು ಇಟ್ಟು ಕೆಳಗಿನ ರಟ್ಟಿನ ಮೇಲೆ ಪೆನ್ಸಿಲಲ್ಲಿ ಗೆರೆ ಎಳೆದು ಹೋಗುತ್ತಾನೆ. ಸಾಕು ಅನ್ನಿಸಿದರೆ ಆ ರಟ್ಟನ್ನು ಗ್ಲಾಸಿನ ಮೇಲೆ ಮುಚ್ಚಬೇಕು. ಇದು ಗೊತ್ತಿಲ್ಲದವರು ಸಂಕೋಚಕ್ಕೆ ಕುಡೀತಾನೇ ಇರುತ್ತಾರೆ. ಸುಮಾರು 40 ಕಿಲೋಮೀಟರ್ ಆಚೆಯ ಡ್ಯುಸೆಲ್‌ಡಾರ್ಫ್‌ನಲ್ಲಿ ಕಂದು ಬಣ್ಣದ, ಸ್ವಲ್ಪ ಕಹಿ ಜಾಸ್ತಿ ಇರೋ ಆಲ್ಟ್. ಎರಡೂ ಊರಿನವರಿಗೆ ಬಿಯರ್ ವಿಷಯದಲ್ಲಿ ಆಗಿಬರಲ್ಲ. ಡ್ಯುಸೆಲ್‌ಡಾರ್ಫ್‌ನಲ್ಲಿ ಕೂತು ಕೋಲ್ಷ್ ಕೇಳಬೇಡಿ. ಇನ್ನೊಂದು ಮಾತು. ಬೆಂಗಳೂರಿನ ಮೂಲೆಮೂಲೆಯಲ್ಲೂ ಯಾರು ಬೇಕಾದರೂ 'ದಾವಣಗೆರೆ ಬೆಣ್ಣೆ ದೋಸೆ' ಅಂತ ಬೋರ್ಡು ಹಾಕ್ತಾರೆ, ನಾವು ಹಲ್ಲು ಕಚ್ಚಿಕೊಂಡು ತಿಂತೀವಿ. ಕೊಲೋನಿನವರು ಹಾಗೆ ಬಿಡಲಿಲ್ಲ. 1986ರಲ್ಲೇ ಬಿಯರ್ ಮಾಡೋರೆಲ್ಲ ಸೇರಿ ಒಪ್ಪಂದ ಮಾಡಿಕೊಂಡರು. ಕೊಲೋನ್ ಮತ್ತು ಸುತ್ತಮುತ್ತ ಮಾಡಿದ್ದಕ್ಕೆ ಮಾತ್ರ ಆ ಹೆಸರು. ಈ ವಿಷಯದಲ್ಲಿ ನನಗೆ ಅವರ ಮೇಲೆ ಹೊಟ್ಟೆಕಿಚ್ಚು.

ಬಾಂಬರ್ಗ್‌ನ ಹೊಗೆ ಬಿಯರು, ಅಂದರೆ ಬೀಚ್ ಮರದ ಹೊಗೆಯಲ್ಲಿ ಒಣಗಿಸಿದ ಮಾಲ್ಟಿನದು, ನನಗೆ ಹಿಡಿಸಲ್ಲ. ಉತ್ತರದ ಪಿಲ್ಸ್ ಅನ್ನೋ ತಿಳಿ ಬಿಯರು ಸಿಕ್ಕಾಪಟ್ಟೆ ಕಹಿ. ಆದರೆ ಲೈಪ್ಜಿಗ್ ಕಡೆ ಹೋಗುವವರು ಗೋಸೆ ಕುಡಿಯದೆ ಬರಬೇಡಿ. ಹುಳಿ ಬಿಯರು, ಅದಕ್ಕೆ ಉಪ್ಪು, ಕೊತ್ತಂಬರಿ ಬೀಜ! ನಮ್ಮ ಬಾಯಿಗೆ ಹೇಳಿ ಮಾಡಿಸಿದ್ದು.

ಈಗ ನಂಚಿಕೊಳ್ಳುವ ವಿಚಾರ. ಶೇಂಗಾ, ಸೌತೆಕಾಯಿ ತಾನಾಗೇ ಟೇಬಲ್ಲಿಗೆ ಬರುತ್ತೆ ಅಂತ ಕಾಯಬೇಡಿ. ಶೇಂಗಾದ ಊರು ಚಳ್ಳಕೆರೆಯವರಿಗೆ ಇದು ಕಷ್ಟ. ಸಸ್ಯಾಹಾರಿಗಳು ಬ್ರೆಟ್ಸೆಲ್ ಅನ್ನೋ ಗಂಟು ಹಾಕಿದಂಥ ಬ್ರೆಡ್ ತಗೋಬಹುದು, ಆದರೆ ಕೆಲವು ಕಡೆ ಹಿಟ್ಟಿಗೆ ಹಂದಿ ಕೊಬ್ಬು ಹಾಕುತ್ತಾರೆ, ಕೇಳಿ ತಗೊಳ್ಳಿ. ಮ್ಯೂನಿಕ್ ಇರೋ ಬವೇರಿಯಾ ರಾಜ್ಯದ ಬಿಯರ್ ಗಾರ್ಡನ್‌ನಲ್ಲಿ ಮಾತ್ರ ನಮಗೆ ಒಂದು ದೊಡ್ಡ ಅನುಕೂಲ ಇದೆ: ಮನೆಯಿಂದ ತಿಂಡಿ ತರಬಹುದು. 1812ರಲ್ಲಿ ಅಲ್ಲಿನ ರಾಜ ಬಿಯರ್ ಮಾಡೋರಿಗೆ ತಾವು ಬಿಯರ್ ಇಡುವ ನೆಲಮಾಳಿಗೆಯ ಹತ್ತಿರವೇ ಬಿಯರ್ ಮಾರೋಕೆ ಬಿಟ್ಟ. ಆದರೆ ಊಟ ಮಾರುವ ಹಾಗಿಲ್ಲ ಅಂದ, ಬ್ರೆಡ್ ಬಿಟ್ಟು. ಜನ ಬುತ್ತಿ ಕಟ್ಟಿಕೊಂಡು ಬಂದರು. ಇವತ್ತಿಗೂ ಬಟ್ಟೆ ಹಾಸದ ಟೇಬಲ್ಲಿನಲ್ಲಿ ಕೂತು ನಿಮ್ಮ ಡಬ್ಬಿ ಬಿಚ್ಚಬಹುದು, ಕುಡಿಯುವುದನ್ನು ಮಾತ್ರ ಅಲ್ಲೇ ಕೊಳ್ಳಬೇಕು. ಬಟ್ಟೆ ಹಾಸಿದ ಟೇಬಲ್ಲು ಆರ್ಡರ್ ಕೊಡುವವರಿಗೆ. ಚೆಸ್ಟ್‌ನಟ್ ಮರದ ಕೆಳಗೆ ಈರುಳ್ಳಿ ಹೆಚ್ಚಿ ನರ್ಗಿಸ್ ಮಂಡಕ್ಕಿ ಕಲಸಿ, ಮೆಣಸಿನಕಾಯಿ ಜೊತೆ ಇಟ್ಟು ನೋಡಿ, ಪಕ್ಕದ ಟೇಬಲ್ಲಿನವರೇ ಮಾತಾಡಿಸ್ತಾರೆ. ಹಾಗಾಗಿ ಮಂಡಕ್ಕಿ ಧಾರಾಳ ಕಟ್ಟಿಕೊಳ್ಳಿ. ಬೆಣ್ಣೆ, ತುಪ್ಪ, ಪೇಡ ಬೇಡ. ಹಾಲಿನ ಪದಾರ್ಥ ಹೊರಗಿನಿಂದ ಯುರೋಪಿಗೆ ಬಿಡಲ್ಲ, ಕಸ್ಟಮ್ಸ್‌ನಲ್ಲಿ ಎತ್ತಿ ಹಾಕುತ್ತಾರೆ.

ಅದೇ ಗಾರ್ಡನ್‌ನಲ್ಲಿ ಅಜ್ಜಿ, ಮೊಮ್ಮಕ್ಕಳು ಎಲ್ಲ ಇರುತ್ತಾರೆ, ಮೂಲೆಯಲ್ಲಿ ಮಕ್ಕಳಿಗೆ ಜಾರುಬಂಡೆ. ಕದ್ದು ಕುಡಿಯೋ ಅಭ್ಯಾಸದವರಿಗೆ ಮೊದಮೊದಲು ಮುಜುಗರ ಆಗುತ್ತೆ. ಬಿಯರಿಗೆ ಅಲ್ಲಿ ವಯಸ್ಸು 16, ನಮ್ಮಲ್ಲಿ 21. ಕುಡಿಯದವರಿಗೂ ತೊಂದರೆ ಇಲ್ಲ. ಆಲ್ಕೋಹಾಲ್ ಇಲ್ಲದ ಬಿಯರು ಎಲ್ಲ ಕಡೆ ಸಿಗುತ್ತೆ, ಚೆನ್ನಾಗೂ ಇರುತ್ತೆ. ಅದರಲ್ಲೂ ಶೇಕಡಾ 0.5ರವರೆಗೆ ಇರಬಹುದು, ಅದೂ ಬೇಡ ಅಂದರೆ 0.0 ಬರೆದದ್ದನ್ನೇ ತಗೊಳ್ಳಿ. ಇಲ್ಲವೇ ಸೇಬಿನ ರಸಕ್ಕೆ ಸೋಡಾ ಬೆರೆಸಿದ ಆಪ್ಫೆಲ್‌ಶೋರ್ಲೆ. "ನಮ್ಮನೇಲಿ ಕುಡಿಯಲ್ಲ" ಅಂದರೆ ಯಾರೂ ಬಲವಂತ ಮಾಡಲ್ಲ. ಬಲವಂತ ಮಾಡೋರು ನಮ್ಮವರೇ.

ಬಿಲ್ ಬಂದಾಗ "ನಾನ್ ಕೊಡ್ತೀನಿ, ನೀನ್ ಸುಮ್ನಿರು" ಅಂತ ಕೈ ಹಿಡಿದು ಎಳೆದಾಡಬೇಡಿ. 'ಗೆಟ್ರೆಂಟ್' ಅಂದರೆ ಅವರವರದು ಅವರವರಿಗೆ ಲೆಕ್ಕ ಹಾಕುತ್ತಾರೆ. ಗ್ಲಾಸು ತಾಗಿಸುವಾಗ ಎದುರಿನವರ ಕಣ್ಣು ನೋಡಿ. ಅಂಗಡಿಯಿಂದ ತಂದ ಗಾಜಿನ ಬಾಟಲಿಗೆ ಸಾಮಾನ್ಯವಾಗಿ 8 ಸೆಂಟ್, ಕ್ಯಾನಿಗೆ 25 ಸೆಂಟ್ ಮುಂಗಡ ಹಿಡಿದಿರುತ್ತಾರೆ. ಖಾಲಿಯಾದ ಮೇಲೆ ಸೂಪರ್‌ಮಾರ್ಕೆಟ್ಟಿನ ಮಷಿನ್‌ಗೆ ಹಾಕಿದರೆ ವಾಪಸ್.

ಕಾರಿಗೆ ಮಿತಿ 0.5 ಪ್ರೊಮಿಲೆ, ಅಂದರೆ ರಕ್ತದಲ್ಲಿ ಸಾವಿರಕ್ಕೆ ಅರ್ಧ ಪಾಲು ಆಲ್ಕೋಹಾಲ್. ಲೈಸೆನ್ಸ್ ಹೊಸದಾಗಿದ್ದರೆ ಮೊದಲ ಎರಡು ವರ್ಷ ಸೊನ್ನೆ, ಒಂದು ಗುಟುಕೂ ಇಲ್ಲ. ಸೈಕಲ್ ಅಲ್ವಾ ಅಂತ ಹೊರಡಬೇಡಿ, 1.6 ದಾಟಿದರೆ ಸೈಕಲ್ ತುಳಿದರೂ ಕೇಸು, ಕಾರಿನ ಲೈಸೆನ್ಸಿಗೂ ಕುತ್ತು. ರಾತ್ರಿ ಟ್ರಾಮ್ ಇರುತ್ತೆ, ಅದರಲ್ಲೇ ಬನ್ನಿ.