ಲಿನಕ್ಸ್ ಲ್ಯಾಪ್‌ಟಾಪಲ್ಲಿ ವೈಫೈ ಪದೇ ಪದೇ ಕಟ್ ಆಗ್ತಿದ್ಯಾ? ಫಾರ್ಮ್ಯಾಟ್ ಹೊಡೆಯೋ ಮುಂಚೆ ಇಷ್ಟು ನೋಡಿ

ವೈಫೈ ಐಕಾನಲ್ಲಿ ಕಡ್ಡಿ ಫುಲ್ ಇರುತ್ತೆ, ಆದ್ರೆ ಪೇಜ್ ಓಪನ್ ಆಗಲ್ಲ. ಇಲ್ಲಾಂದ್ರೆ ಆಫೀಸ್ ಮೀಟಿಂಗ್ ಮಧ್ಯೆ ನಿಮ್ಮ ಮುಖ ಅರ್ಧ ಬಾಯಿ ತೆಗೆದಂಗೇ ನಿಂತುಬಿಡುತ್ತೆ, ಅದೇ ರೂಮಲ್ಲಿ ಅದೇ ರೂಟರಿಗೆ ಕನೆಕ್ಟ್ ಆಗಿರೋ ಮೊಬೈಲಲ್ಲಿ ಮಾತ್ರ ವಿಡಿಯೋ ಆರಾಮಾಗಿ ಓಡ್ತಿರುತ್ತೆ. ಇಂಥ ಟೈಮಲ್ಲಿ ಹೆಚ್ಚಿನೋರು ನೆಟ್ಟಲ್ಲಿ ಸಿಕ್ಕ ಕಮಾಂಡುಗಳನ್ನೆಲ್ಲ ಒಂದರ ಹಿಂದೊಂದು ಪೇಸ್ಟ್ ಮಾಡ್ತಾರೆ, ಅದೂ ಆಗಿಲ್ಲ ಅಂದ್ರೆ ಉಬುಂಟು ತೆಗೆದು ಮಿಂಟ್, ಮಿಂಟ್ ತೆಗೆದು ಫೆಡೋರಾ ಹಾಕ್ತಾರೆ. ಡಿಸ್ಟ್ರೋ (ಅಂದ್ರೆ ಉಬುಂಟು, ಮಿಂಟ್ ಥರದ ಲಿನಕ್ಸ್ ಆವೃತ್ತಿ) ಬದಲಾಯಿಸಿದ್ರೆ ಒಳಗಿರೋ ವೈಫೈ ಕಾರ್ಡ್ ಬದಲಾಗಲ್ಲ ಸ್ವಾಮಿ, ಕಾರ್ಡನ್ನ ನಡೆಸೋ ಡ್ರೈವರ್ ಇರೋದು ಲಿನಕ್ಸಿನ ತಿರುಳಾದ ಕರ್ನಲ್‌ ಒಳಗೆ, ಆ ಕರ್ನಲ್ ಎಲ್ಲಾ ಡಿಸ್ಟ್ರೋದಲ್ಲೂ ಅದೇ, ವರ್ಷನ್ ಸ್ವಲ್ಪ ಹಿಂದೆ ಮುಂದೆ ಇರುತ್ತೆ ಅಷ್ಟೇ.

ಕೆಳಗೆ ಕಮಾಂಡುಗಳನ್ನ ಉಚ್ಚಾರಣೆ ಪ್ರಕಾರ ಕನ್ನಡದಲ್ಲೇ ಬರೆದಿದೀನಿ, ಟರ್ಮಿನಲ್ಲಲ್ಲಿ ಇಂಗ್ಲಿಷ್ ಸಣ್ಣಕ್ಷರದಲ್ಲಿ ಹೊಡೀರಿ. ಇನ್ನೊಂದು ಮಾತು, ಒಂದ್ಸಲಕ್ಕೆ ಒಂದೇ ಬದಲಾವಣೆ ಮಾಡಿ, ಅರ್ಧ ದಿನ ಬಳಸಿ ನೋಡಿ, ಆಮೇಲೆ ಮುಂದಿನದು. ನಾಲ್ಕು ಸೆಟ್ಟಿಂಗ್ ಒಟ್ಟಿಗೆ ಬದಲಾಯಿಸಿದ್ರೆ ಸರಿಹೋದ್ರೂ ಯಾವುದ್ರಿಂದ ಸರಿಹೋಯ್ತು ಅಂತ ಗೊತ್ತಾಗಲ್ಲ, ಕೆಟ್ಟೋದ್ರಂತೂ ಕೇಳೋದೇ ಬೇಡ.

ಮೊದಲು ಎಲ್ಲಿ ತುಂಡಾಗ್ತಿದೆ ನೋಡಿ

ಲ್ಯಾಪ್‌ಟಾಪಿಂದ ರೂಟರ್ ತನಕದ ಗಾಳಿ ದಾರಿ ಕೈಕೊಡ್ತಿದ್ಯಾ, ಇಲ್ಲಾ ರೂಟರಿಂದ ಆಚೆ ಹೋಗೋ ಕೇಬಲ್ಲಾ? ಇದು ಗೊತ್ತಾಗದೆ ಮುಂದಕ್ಕೆ ಹೋಗ್ಬೇಡಿ. ಐಪಿ ರೂಟ್ ಅಂತ ಹೊಡೀರಿ, ಡಿಫಾಲ್ಟ್ ವಯಾ ಅಂತಿರೋ ಸಾಲಲ್ಲಿ ಬರೋ ನಂಬರೇ ನಿಮ್ಮ ರೂಟರ್, ಬಹಳಷ್ಟು ಮನೆಗಳಲ್ಲಿ ಅದು 192.168.1.1 ಅಥವಾ 192.168.0.1 ಆಗಿರುತ್ತೆ. ಎರಡು ಟರ್ಮಿನಲ್ ಪಕ್ಕಪಕ್ಕ ಇಟ್ಕೊಂಡು ಒಂದರಲ್ಲಿ ರೂಟರ್ ನಂಬರಿಗೆ ಪಿಂಗ್ (ಉತ್ತರ ಬರುತ್ತಾ, ಎಷ್ಟು ಹೊತ್ತಲ್ಲಿ ಬರುತ್ತೆ ಅಂತ ನೋಡೋ ಕಮಾಂಡು), ಇನ್ನೊಂದರಲ್ಲಿ ಹೊರಗಿನ ಗೂಗಲ್ ಸರ್ವರ್ 8.8.8.8ಗೆ ಪಿಂಗ್ ಬಿಟ್ಟು ನಿಮ್ಮ ಕೆಲಸ ನೀವು ಮಾಡ್ತಿರಿ.

ನೆಟ್ ಹೋದಾಗ ರೂಟರ್ ಪಿಂಗ್ ನೆಟ್ಟಗೆ ಬರ್ತಾ 8.8.8.8 ಮಾತ್ರ ನಿಂತಿದ್ರೆ ಲಿನಕ್ಸ್ ತಪ್ಪು ಏನಿಲ್ಲ, ನೆಟ್ ಕೊಟ್ಟೋರಿಗೆ ಫೋನ್ ಮಾಡಿ. ಎರಡೂ ಪಿಂಗ್ ಬರ್ತಿದೆ ಆದ್ರೆ ಬ್ರೌಸರಲ್ಲಿ ಸೈಟ್ ಹೆಸರು ಹಾಕಿದ್ರೆ ಸಿಗ್ತಿಲ್ಲ ಅಂದ್ರೆ ಅದು ಡಿಎನ್‌ಎಸ್ (ಸೈಟ್ ಹೆಸರನ್ನ ಐಪಿ ನಂಬರಾಗಿ ಬದಲಾಯಿಸೋ ವ್ಯವಸ್ಥೆ) ತಕರಾರು, ವೈಫೈ ಸೆಟ್ಟಿಂಗಲ್ಲಿ ಐಪಿವಿ4 ಟ್ಯಾಬಿಗೆ ಹೋಗಿ ಡಿಎನ್‌ಎಸ್ ಜಾಗದಲ್ಲಿ 1.1.1.1 ಅಥವಾ 8.8.8.8 ಹಾಕಿ ನೋಡಿ, ಅಲ್ಲಿಗೆ ಮುಗೀತು. ರೂಟರ್ ಪಿಂಗೇ 3 ಮಿಲಿಸೆಕೆಂಡಿಂದ 300ಕ್ಕೆ ಜಿಗಿಯೋದು, ಮಧ್ಯೆ ಮಧ್ಯೆ ನಿಂತೇ ಹೋಗೋದು ಆಗ್ತಿದ್ರೆ ಮಾತ್ರ ಈ ಲೇಖನದ ಉಳಿದ ಭಾಗ ನಿಮಗೆ.

ಕಾರ್ಡ್ ಯಾವುದು, ಲಾಗ್ ಏನ್ ಹೇಳುತ್ತೆ

ಎಲ್‌ಎಸ್‌ಪಿಸಿಐ -ಕೆ ಅಂತ ಹೊಡೆದು ನೆಟ್‌ವರ್ಕ್ ಕಂಟ್ರೋಲರ್ ಅಂತಿರೋ ಸಾಲು ಹುಡುಕಿ, ಅದರ ಕೆಳಗೆ ಕರ್ನಲ್ ಡ್ರೈವರ್ ಇನ್ ಯೂಸ್ ಅಂತ ಇರುತ್ತೆ. ಇಂಟೆಲ್ ಆದ್ರೆ ಐಡಬ್ಲ್ಯೂಎಲ್‌ವೈಫೈ, ರಿಯಲ್‌ಟೆಕ್ ಆದ್ರೆ ಹೆಚ್ಚಾಗಿ ಆರ್‌ಟಿಡಬ್ಲ್ಯೂ ಅಂತ ಶುರುವಾಗೋ ಹೆಸರು, ಕ್ವಾಲ್‌ಕಾಮ್ ಆದ್ರೆ ಎಟಿಎಚ್10ಕೆ ಅಥವಾ 11ಕೆ, ಮೀಡಿಯಾಟೆಕ್ ಆದ್ರೆ ಎಂಟಿ ಅಂತ ಶುರುವಾಗುತ್ತೆ. ಈ ಹೆಸರು ಒಂದು ಚೀಟಿಲಿ ಬರೆದಿಟ್ಕೊಳ್ಳಿ, ಯಾರನ್ನಾದ್ರೂ ಸಹಾಯ ಕೇಳೋವಾಗ ಲ್ಯಾಪ್‌ಟಾಪ್ ಕಂಪನಿ ಹೆಸರಿಗಿಂತ ಇದೇ ಮುಖ್ಯ.

ಆಮೇಲೆ ಇನ್ನೊಂದು ಕಿಟಕಿಲಿ ಸುಡೋ ಜರ್ನಲ್‌ಸಿಟಿಎಲ್ -ಕೆ -ಎಫ್ ಓಡಿಸಿಟ್ಟು ಮಿನಿಮೈಸ್ ಮಾಡಿಬಿಡಿ. ಕರ್ನಲ್ ಗೊಣಗಿಕೊಳ್ಳೋದೆಲ್ಲ ಅಲ್ಲಿ ಬೀಳ್ತಾ ಇರುತ್ತೆ, ವೈಫೈ ಕಟ್ ಆದ ಕ್ಷಣ ಹೋಗಿ ಕೊನೆ ಸಾಲುಗಳನ್ನ ನೋಡಿ. ಮೈಕ್ರೋಕೋಡ್ ಎಸ್‌ಡಬ್ಲ್ಯೂ ಎರರ್ ಅಂತ ಬಂದಿದ್ರೆ ಇಂಟೆಲ್ ಕಾರ್ಡಿನ ಫರ್ಮ್‌ವೇರ್ (ಕಾರ್ಡಿನೊಳಗೇ ಓಡೋ ಸಾಫ್ಟ್‌ವೇರ್) ಕ್ರ್ಯಾಶ್ ಆಗಿದೆ. ಡೀಆಥೆಂಟಿಕೇಟೆಡ್ ಫ್ರಮ್ ಅಂತ ಇದ್ರೆ ರೂಟರೇ ನಿಮ್ಮನ್ನ ಹೊರಗೆ ಹಾಕಿದೆ, ಬೈ ಲೋಕಲ್ ಚಾಯ್ಸ್ ಅಂತಿದ್ರೆ ಬಿಟ್ಟಿದ್ದು ನಿಮ್ಮ ಲ್ಯಾಪ್‌ಟಾಪೇ. ಏನೂ ಬರದೆ ಸುಮ್ನೆ ನೆಟ್ ನಿಂತಿದ್ರೆ ಅನುಮಾನ ಸೀದಾ ಮುಂದಿನ ವಿಷಯದ ಮೇಲೆ.

ಪವರ್ ಸೇವಿಂಗ್, ಅರ್ಧ ಕೇಸು ಇಲ್ಲೇ ಮುಗಿಯುತ್ತೆ

ಒಂದು ಸುಳಿವು ಕೊಡ್ತೀನಿ. ಚಾರ್ಜರ್ ಹಾಕಿದಾಗ ವೈಫೈ ಚೆನ್ನಾಗಿರುತ್ತೆ, ಕರೆಂಟ್ ಹೋಗಿ ಲ್ಯಾಪ್‌ಟಾಪ್ ಬ್ಯಾಟರಿಗೆ ಬಿದ್ದ ಮೇಲೆ ಕೊಸರಾಡುತ್ತೆ, ರೂಟರ್ ಯುಪಿಎಸ್‌ ಮೇಲೆ ಸರಿಯಾಗೇ ನಡೀತಿರುತ್ತೆ ಅಂದ್ರೆ ಇನ್ನೇನೂ ಹುಡುಕೋದು ಬೇಡ, ಇದೇ.

ಆಗೋದಿಷ್ಟು: ರೂಟರ್ ಸೆಕೆಂಡಿಗೆ ಸುಮಾರು ಹತ್ತು ಸಲ ಬೀಕನ್ ಅನ್ನೋ ಪುಟ್ಟ ಸಿಗ್ನಲ್ ಬಿಡುತ್ತೆ. ಪವರ್ ಸೇವ್ ಆನ್ ಇದ್ದಾಗ ಕಾರ್ಡು ತೂಕಡಿಸೋ ವಾಚ್‌ಮ್ಯಾನ್ ಥರ ಮಧ್ಯೆ ನಿದ್ದೆ ಹೊಡೆದು ಬೀಕನ್ ಬರೋ ಹೊತ್ತಿಗೆ ಕಣ್ಣುಬಿಟ್ಟು ನಂಗೇನಾದ್ರೂ ಡೇಟಾ ಬಂದಿದ್ಯಾ ಅಂತ ನೋಡುತ್ತೆ. ಕಾರ್ಡು, ಡ್ರೈವರು, ರೂಟರು ಮೂರಕ್ಕೂ ಹೊಂದಾಣಿಕೆ ಇದ್ರೆ ಇದು ನಿಮಗೆ ಗೊತ್ತೇ ಆಗಲ್ಲ, ಇಲ್ಲಾಂದ್ರೆ ಕಾರ್ಡ್ ಏಳೋದು ತಡ ಆಗುತ್ತೆ, ಪ್ಯಾಕೆಟ್ ಕಳೆದುಹೋಗುತ್ತೆ, ರೂಟರ್ ಈ ಗಿರಾಕಿ ಇಲ್ಲ ಅಂತ ತಿಳ್ಕೊಂಡು ಕನೆಕ್ಷನ್ನೇ ಬಿಡಬಹುದು.

ಟೆಸ್ಟ್ ಮಾಡೋದು ಸುಲಭ. ಐಡಬ್ಲ್ಯೂ ಡೆವ್ ಅಂತ ಹೊಡೆದ್ರೆ ಇಂಟರ್‌ಫೇಸ್ ಹೆಸರು ಬರುತ್ತೆ, ಡಬ್ಲ್ಯೂ ಎಲ್ ಅಕ್ಷರದಿಂದ ಶುರುವಾಗುತ್ತೆ, ಡಬ್ಲ್ಯೂಎಲ್‌ಪಿ2ಎಸ್0 ಅಂತಿಟ್ಕೊಳ್ಳಿ. ಈಗ ಸುಡೋ ಐಡಬ್ಲ್ಯೂ ಡೆವ್ ಡಬ್ಲ್ಯೂಎಲ್‌ಪಿ2ಎಸ್0 ಸೆಟ್ ಪವರ್_ಸೇವ್ ಆಫ್. ಪವರ್ ಮತ್ತು ಸೇವ್ ನಡುವೆ ಇರೋದು ಅಂಡರ್‌ಸ್ಕೋರ್, ಸ್ಪೇಸ್ ಅಲ್ಲ. ಪಿಂಗ್ ಕಿಟಕಿ ನೋಡ್ತಾ ಇರಿ, ನಂಬರ್ ತಟ್ಟಂತ ಇಳಿದು ಒಂದೇ ಸಮ ಆದ್ರೆ ಕಳ್ಳ ಸಿಕ್ಕಿಬಿದ್ದ.

ಈ ಕಮಾಂಡು ರೀಸ್ಟಾರ್ಟ್ ಆಗೋ ತನಕ ಮಾತ್ರ. ಪರ್ಮನೆಂಟ್ ಮಾಡ್ಬೇಕು ಅಂದ್ರೆ ಇಟಿಸಿ ಫೋಲ್ಡರಲ್ಲಿ ನೆಟ್‌ವರ್ಕ್‌ಮ್ಯಾನೇಜರ್ ಅಂತಿದೆ, ಅದರೊಳಗೆ ಕಾನ್ಫ್ ಡಾಟ್ ಡಿ ಅನ್ನೋ ಫೋಲ್ಡರ್. ಉಬುಂಟುನಲ್ಲಿ ಅಲ್ಲಿ ಡಿಫಾಲ್ಟ್-ವೈಫೈ-ಪವರ್‌ಸೇವ್-ಆನ್ ಅನ್ನೋ ಫೈಲ್ ಮೊದಲೇ ಇರುತ್ತೆ, ಒಳಗೆ ವೈಫೈ.ಪವರ್‌ಸೇವ್ = 3 ಅಂತ ಬರೆದಿರುತ್ತೆ. 3 ಅಂದ್ರೆ ಆನ್, 2 ಅಂದ್ರೆ ಆಫ್. ನಂಬರ್ 2 ಮಾಡಿ ಸೇವ್ ಮಾಡಿ, ಲ್ಯಾಪ್‌ಟಾಪ್ ರೀಸ್ಟಾರ್ಟ್ ಮಾಡಿ. ಬ್ಯಾಟರಿ ಉಳಿಸೋಕೆ ಟಿಎಲ್‌ಪಿ ಹಾಕ್ಕೊಂಡಿರೋರು ಅದರ ಕಾನ್ಫಿಗ್ ಫೈಲಲ್ಲೂ ವೈಫೈ_ಪಿಡಬ್ಲ್ಯೂಆರ್_ಆನ್_ಬ್ಯಾಟ್ ಅನ್ನೋದನ್ನ ಆಫ್ ಮಾಡ್ಬೇಕು, ಇಲ್ಲಾಂದ್ರೆ ನೀವು ಒಂದ್ಕಡೆ ಆಫ್ ಮಾಡಿದ್ದನ್ನ ಅದು ಇನ್ನೊಂದ್ಕಡೆಯಿಂದ ಆನ್ ಮಾಡ್ತಾ ಕೂತಿರುತ್ತೆ. ಬ್ಯಾಟರಿ ಸ್ವಲ್ಪ ಬೇಗ ಖಾಲಿ ಆಗುತ್ತೆ ನಿಜ, ಆದ್ರೆ ಸ್ಕ್ರೀನ್ ತಿನ್ನೋದರ ಮುಂದೆ ಇದು ಏನೇನೂ ಅಲ್ಲ.

ಸಿಗ್ನಲ್ಲು, ಬ್ಯಾಂಡು, ಅಕ್ಕಪಕ್ಕದವರ ರೂಟರು

ಕಡ್ಡಿ ನಂಬಬೇಡಿ, ನಂಬರ್ ನೋಡಿ. ಐಡಬ್ಲ್ಯೂ ಡೆವ್ ಡಬ್ಲ್ಯೂಎಲ್‌ಪಿ2ಎಸ್0 ಲಿಂಕ್ ಅಂದ್ರೆ ಸಿಗ್ನಲ್ -55 ಡಿಬಿಎಂ ಅಂತೇನೋ ತೋರಿಸುತ್ತೆ. -50 ಆಸುಪಾಸು ಇದ್ರೆ ಭರ್ಜರಿ, -67 ತನಕ ವಿಡಿಯೋ ಕಾಲಿಗೆ ತೊಂದರೆ ಇಲ್ಲ, -75 ದಾಟಿದ್ರೆ ಸೆಟ್ಟಿಂಗ್ ಬದಲಾಯಿಸೋ ಬದಲು ರೂಟರ್ ಜಾಗ ಬದಲಾಯಿಸಿ. ನಮ್ಮ ಕಡೆ ರೂಟರನ್ನ ಟಿವಿ ಹಿಂದೆ, ಗೋಡೆ ಬೀರುವಿನ ಒಳಗೆ, ಸ್ಟೀಲ್ ಡಬ್ಬಗಳ ಪಕ್ಕ ಎಲ್ಲೆಲ್ಲೋ ಇಟ್ಟಿರ್ತಾರೆ.

ಅದೇ ಔಟ್‌ಪುಟ್ಟಲ್ಲಿ ಫ್ರೀಕ್ವೆನ್ಸಿ 24 ಅಂತ ಶುರುವಾದ್ರೆ ನೀವು 2.4 ಗಿಗಾಹರ್ಟ್ಸ್‌ನಲ್ಲಿದೀರಿ. ಬೆಂಗಳೂರಿನ ಪಿಜಿ, ಅಪಾರ್ಟ್‌ಮೆಂಟಲ್ಲಿ ಈ ಬ್ಯಾಂಡ್ ಅಂದ್ರೆ ಸಂತೆ, ಒಂದರ ಮೇಲೊಂದು ಬೀಳದ ಚಾನೆಲ್ ಇರೋದೇ ಮೂರು, 1, 6, 11, ಎಲ್ಲಾ ರೂಟರೂ ಅದರಲ್ಲೇ ಕಿತ್ತಾಡ್ಬೇಕು. ಬ್ಲೂಟೂತ್ ಇಯರ್‌ಫೋನ್, ಮೈಕ್ರೋವೇವ್ ಓವನ್ ಕೂಡ ಅಲ್ಲೇ. ಜನಕ್ಕೆ ಅಷ್ಟಾಗಿ ಗೊತ್ತಿಲ್ಲದ ಇನ್ನೊಂದು ಕಾಟ ಯುಎಸ್‌ಬಿ 3 ಸಾಧನಗಳದ್ದು, ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್, ಹಬ್ ಇಂಥವು ಓಡೋವಾಗ 2.4ರ ಆಸುಪಾಸಲ್ಲಿ ಗದ್ದಲ ಎಬ್ಬಿಸ್ತವೆ, 2012ರಲ್ಲೇ ಇಂಟೆಲ್ ಇದರ ಬಗ್ಗೆ ಒಂದು ವರದಿ ಬಿಟ್ಟಿತ್ತು. ಹಾರ್ಡ್‌ಡಿಸ್ಕ್ ಚುಚ್ಚಿದಾಗಲೇ ವೈಫೈ ಸಾಯ್ತಿದ್ರೆ ಕೇಬಲ್ ಉದ್ದ ಮಾಡಿ ದೂರ ಇಡಿ, ಅಥವಾ 5 ಗಿಗಾಹರ್ಟ್ಸ್‌ಗೆ ಹೋಗಿ.

ರೂಟರಲ್ಲಿ ಎರಡೂ ಬ್ಯಾಂಡಿಗೂ ಒಂದೇ ಹೆಸರಿದ್ರೆ ಲ್ಯಾಪ್‌ಟಾಪ್ ಅತ್ಲಾಗೆ ಇತ್ಲಾಗೆ ಹಾರ್ತಾ ಇರುತ್ತೆ, ಹಾರೋವಾಗೆಲ್ಲ ಕ್ಷಣಕಾಲ ಕಟ್. ಎನ್‌ಎಂ-ಕನೆಕ್ಷನ್-ಎಡಿಟರ್ ಅನ್ನೋ ಪ್ರೋಗ್ರಾಂ ತೆಗೆದು ನಿಮ್ಮ ವೈಫೈ ಆರಿಸಿ, ಬ್ಯಾಂಡ್ ಅನ್ನೋ ಕಡೆ 5 ಗಿಗಾಹರ್ಟ್ಸ್ ಇಡಿ, ಮುಗೀತು. ಮನೇಲಿ ಎಕ್ಸ್‌ಟೆಂಡರ್ ಇದ್ದು ಅದಕ್ಕೂ ಅದೇ ಹೆಸರಿದ್ರೆ ಅಲ್ಲೇ ಬಿಎಸ್‌ಎಸ್‌ಐಡಿ ಜಾಗದಲ್ಲಿ ನಿಮಗೆ ಬೇಕಾದ ರೂಟರಿನ ವೈಫೈ ಅಡ್ರೆಸ್ (ಐಪಿ ನಂಬರ್ ಅಲ್ಲ, ಮ್ಯಾಕ್ ಅಡ್ರೆಸ್) ಹಾಕಿ ಕಟ್ಟಿಹಾಕಬಹುದು, ಆದ್ರೆ ಆಮೇಲೆ ಲ್ಯಾಪ್‌ಟಾಪ್ ಎತ್ಕೊಂಡು ಮಹಡಿಗೆ ಹೋದ್ರೆ ಅಲ್ಲಿನ ಎಕ್ಸ್‌ಟೆಂಡರಿಗೆ ತಾನಾಗೇ ಹೋಗಲ್ಲ, ನೆನಪಿರ್ಲಿ.

5 ಗಿಗಾಹರ್ಟ್ಸ್‌ನಲ್ಲೂ ಒಂದು ಕಿತಾಪತಿ ಇದೆ. 52ರಿಂದ 144ರವರೆಗಿನ ಚಾನೆಲ್ಲುಗಳನ್ನ ರೇಡಾರ್‌ಗಳೂ ಬಳಸ್ತವೆ, ಅದಕ್ಕೇ ರೂಟರಿಗೆ ರೇಡಾರ್ ಸಿಗ್ನಲ್ ಕಂಡ್ರೆ ಆ ಚಾನೆಲ್ ಖಾಲಿ ಮಾಡ್ಲೇಬೇಕು ಅನ್ನೋ ನಿಯಮ, ಆಗ ಎಲ್ಲರ ಕನೆಕ್ಷನ್ನೂ ಒಟ್ಟಿಗೆ ಬೀಳಬಹುದು. ರೂಟರ್ ಪೇಜಿಗೆ ಹೋಗಿ ಚಾನೆಲ್ ಆಟೋ ಇರೋದನ್ನ 36ರಿಂದ 48ರೊಳಗೆ ಅಥವಾ 149ರಿಂದ 161ರೊಳಗೆ ಒಂದಕ್ಕೆ ಫಿಕ್ಸ್ ಮಾಡಿ. ಹಾಗೇ ಐಡಬ್ಲ್ಯೂ ರೆಗ್ ಗೆಟ್ ಅಂತ ಹೊಡೆದು ಕಂಟ್ರಿ ಏನಿದೆ ನೋಡಿ, 00 ಅಂತಿದ್ರೆ ಲ್ಯಾಪ್‌ಟಾಪಿಗೆ ತಾನು ಯಾವ ದೇಶದಲ್ಲಿದೀನಿ ಅಂತ ಗೊತ್ತಿಲ್ಲ, 12, 13ನೇ ಚಾನೆಲಲ್ಲಿರೋ ರೂಟರ್ ಒಂದ್ಸಲ ಕಂಡು ಒಂದ್ಸಲ ಮಾಯ ಆಗೋಕೆ ಇದೂ ಕಾರಣ ಆಗಬಹುದು. ಸುಡೋ ಐಡಬ್ಲ್ಯೂ ರೆಗ್ ಸೆಟ್ ಐಎನ್ ಅಂದ್ರೆ ಇಂಡಿಯಾ ಆಗುತ್ತೆ, ಇಲ್ಲಿ ಐಎನ್ ಮಾತ್ರ ದೊಡ್ಡಕ್ಷರ.

ಡ್ರೈವರ್, ಫರ್ಮ್‌ವೇರ್

ಹೊಸ ಲ್ಯಾಪ್‌ಟಾಪು, ಹಳೇ ಉಬುಂಟು, ಈ ಜೋಡಿ ಯಾವತ್ತೂ ಕಷ್ಟವೇ. ಉಬುಂಟು 22.04 ಬಂದಾಗ ಕರ್ನಲ್ 5.15 ಇತ್ತು, ರಿಯಲ್‌ಟೆಕ್‌ನ ವೈಫೈ 6 ಕಾರ್ಡುಗಳ ಆರ್‌ಟಿಡಬ್ಲ್ಯೂ89 ಡ್ರೈವರ್ ಕರ್ನಲ್‌ಗೆ ಸೇರಿದ್ದೇ 5.16ರಲ್ಲಿ. ಅದಕ್ಕೇ ಎಲ್ಲಿಂದಲೋ ಸೋರ್ಸ್ ಇಳಿಸಿ ಕಂಪೈಲ್ ಮಾಡೋ ಮುಂಚೆ ಕರ್ನಲ್ಲು ಮತ್ತೆ ಲಿನಕ್ಸ್-ಫರ್ಮ್‌ವೇರ್ ಪ್ಯಾಕೇಜು ಎರಡನ್ನೂ ಅಪ್‌ಡೇಟ್ ಮಾಡಿ ನೋಡಿ. ಕೈಯಾರೆ ಕಂಪೈಲ್ ಮಾಡಿದ ಡ್ರೈವರ್ ಮುಂದಿನ ಕರ್ನಲ್ ಅಪ್‌ಡೇಟಲ್ಲಿ ಮುರಿದುಬೀಳೋದು ಮಾಮೂಲು. ಉಲ್ಟಾನೂ ಆಗುತ್ತೆ, ನಿನ್ನೆ ತನಕ ಸರಿಯಿದ್ದು ಅಪ್‌ಡೇಟ್ ಆದ್ಮೇಲೆ ಕೆಟ್ಟಿದ್ರೆ ಬೂಟ್ ಆಗೋವಾಗ ಬರೋ ಗ್ರಬ್ ಮೆನುವಿನ ಅಡ್ವಾನ್ಸ್ಡ್ ಆಪ್ಷನ್ಸ್‌ನಿಂದ ಹಳೇ ಕರ್ನಲ್ ಬೂಟ್ ಮಾಡಿ, ಸರಿಹೋದ್ರೆ ಸದ್ಯಕ್ಕೆ ಅದರಲ್ಲೇ ಇರಿ.

ಇಂಟೆಲ್ ಕಾರ್ಡಿಗೆ 11ಎನ್_ಡಿಸೇಬಲ್=1 (ವೈಫೈನ 11ಎನ್ ಮೋಡ್ ಆಫ್ ಮಾಡೋ ಡ್ರೈವರ್ ಆಪ್ಷನ್) ಹಾಕಿ ಅಂತ ಎಲ್ಲಾ ಕಡೆ ಬರೆದಿರ್ತಾರೆ, ನನ್ನ ಪ್ರಕಾರ ಅದು ಕೊನೇ ಅಸ್ತ್ರ. ಕಟ್ ಆಗೋದು ನಿಲ್ಲಬಹುದು, ಆದ್ರೆ ಸ್ಪೀಡ್ ಹಳೇ ಕಾಲದ 54 ಎಂಬಿಪಿಎಸ್ ಮಿತಿಗೆ ಇಳಿಯುತ್ತೆ, ಕಾಸು ಕೊಟ್ಟು ಫೈಬರ್ ಹಾಕ್ಸಿದ್ದು ಯಾಕೆ ಹಾಗಾದ್ರೆ.

ಲ್ಯಾಪ್‌ಟಾಪ್ ಮುಚ್ಚಿ ತೆರೆದಾಗ ಮಾತ್ರ ವೈಫೈ ಸತ್ತಿರುತ್ತೆ ಅನ್ನೋರು ಸುಡೋ ಮಾಡ್‌ಪ್ರೋಬ್ -ಆರ್ ಕೊಟ್ಟು ಡ್ರೈವರ್ ಇಳಿಸಿ ಮತ್ತೆ ಏರಿಸಬಹುದು, ಇಂಟೆಲ್‌ನಲ್ಲಿ ಮೊದಲು ಐಡಬ್ಲ್ಯೂಎಲ್‌ಎಂವಿಎಂ, ಆಮೇಲೆ ಐಡಬ್ಲ್ಯೂಎಲ್‌ವೈಫೈ ಇಳಿಸ್ಬೇಕು. ವಿಂಡೋಸ್ ಕೂಡ ಜೊತೆಗಿಟ್ಕೊಂಡಿದ್ರೆ ಅದರಲ್ಲಿ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ, ಅದು ಆನ್ ಇದ್ರೆ ವಿಂಡೋಸ್ ಪೂರ್ತಿ ಶಟ್‌ಡೌನ್ ಆಗಲ್ಲ, ಕಾರ್ಡನ್ನ ಅರೆಬರೆ ಸ್ಥಿತಿಲಿ ಬಿಟ್ಟು ಹೋಗುತ್ತೆ.

ಏನು ಮಾಡಿದ್ರೂ ಆಗ್ತಿಲ್ಲ ಅಂದ್ರೆ

ಕಾರ್ಡ್ ಬದಲಾಯಿಸಿ. ಹೆಚ್ಚಿನ ಲ್ಯಾಪ್‌ಟಾಪಲ್ಲಿ ಅದು ಎಂ.2 ಸ್ಲಾಟಲ್ಲಿ ಒಂದೇ ಸ್ಕ್ರೂ ಮೇಲೆ ಕೂತಿರುತ್ತೆ, ಕೆಲವು ತೆಳು ಮಾಡೆಲ್ಲುಗಳಲ್ಲಿ ಮಾತ್ರ ಬೋರ್ಡಿಗೇ ಬೆಸೆದಿರ್ತಾರೆ. ಇಂಟೆಲ್ ಎಎಕ್ಸ್210 ಎಎಂಡಿ ಲ್ಯಾಪ್‌ಟಾಪಲ್ಲೂ ನಡೆಯುತ್ತೆ, ಕರ್ನಲ್ 5.10ರಿಂದ ಈಚೆಗೆ ಸಪೋರ್ಟ್ ಇದೆ. ಅಂಗಡಿಲಿ ಎಎಕ್ಸ್201 ಅಥವಾ 211 ಕೊಟ್ಟು ಎಲ್ಲಾ ಒಂದೇ ಸಾರ್ ಅಂದ್ರೆ ತಗೋಬೇಡಿ, ನೋಡೋಕೆ ಹಾಗೇ ಇರುತ್ತೆ ಆದ್ರೆ ಅವು ಸಿಎನ್‌ವಿಐ ಕಾರ್ಡು, ಅದಕ್ಕೆ ಹೊಂದೋ ಇಂಟೆಲ್ ಪ್ರೊಸೆಸರ್ ಇದ್ರೆ ಮಾತ್ರ ಕೆಲಸ ಮಾಡ್ತವೆ. ಕೆಲವು ಹಳೇ ಲ್ಯಾಪ್‌ಟಾಪ್ ಬಯಾಸಲ್ಲಿ ಕಂಪನಿ ಒಪ್ಪಿದ ಕಾರ್ಡು ಬಿಟ್ಟು ಬೇರೆಯದನ್ನ ಒಳಗೇ ಬಿಟ್ಕೊಳ್ಳಲ್ಲ, ಕೊಳ್ಳೋ ಮುಂಚೆ ನಿಮ್ಮ ಮಾಡೆಲ್ ಹಾಕಿ ಹುಡುಕಿ ನೋಡಿ. ಬಿಚ್ಚಿದಾಗ ಮೊದಲು ಬ್ಯಾಟರಿ ಕನೆಕ್ಟರ್ ತೆಗೀರಿ, ಆಮೇಲೆ ಕಾರ್ಡಿನ ಮೇಲಿರೋ ಎರಡು ಸಣ್ಣ ಆಂಟೆನಾ ವೈರ್ ಗಟ್ಟಿಯಾಗಿ ಕೂತಿದ್ಯಾ ನೋಡಿ, ಒಂದು ಸಡಿಲ ಆಗಿದ್ರೂ ಸಿಗ್ನಲ್ ದಿಢೀರ್ ಇಳಿಯುತ್ತೆ, ಅದನ್ನ ಒತ್ತಿ ಕೂರ್ಸಿದ್ರೆ ಹೊಸ ಕಾರ್ಡಿನ ದುಡ್ಡೂ ಉಳಿಯಬಹುದು.